ಇಟಲಿ ಅಣ್ಣಯ್ಯನವರ ತೀರ್ಪು

ಅವತ್ತಿನ ರಾದ್ಧಾಂತಕ್ಕೆಲ್ಲ ಕಾರಣ ಒಂದು ಎಳೆ ಶ್ಯಾವಿಗೆ. ಶ್ಯಾವಿಗೆ ಅಂದರೆ ಯೋಗೀಶನಿಗೆ ಸಿಟ್ಟು ಬರುತ್ತದೆ, ಅದು ಸ್ಪಾಗೆಟ್ಟಿ. ತೆಕ್ಕಟ್ಟೆಯ ಹೈವೇ ಬದಿಯಲ್ಲಿ ಅವನು ‘ಅಪ್ಪಟ ಇಟಾಲಿಯನ್’ ಅಂತ ಬೋರ್ಡು ಹಾಕಿ ಹೋಟೆಲು ತೆರೆದಿದ್ದ. ಸಂಜೆ ಉದ್ಘಾಟನೆ, ಐವತ್ತು ಜನ ಬರುವವರಿದ್ದರು. ಅದಕ್ಕೂ ಮೊದಲು ನೆರೆಕರೆಯವರು ರುಚಿ ನೋಡಲಿ ಅಂತ ಮಧ್ಯಾಹ್ನವೇ ಕರೆದು ಕೂರಿಸಿದ್ದ. ಆ ಬುದ್ಧಿ ಅವನಿಗೆ ಯಾಕೆ ಬಂತೋ ದೇವರೇ ಬಲ್ಲ.

ಮೀನು ಮಾರುವ ಜಲಜ ತಟ್ಟೆಯಿಂದ ಒಂದು ಎಳೆ ಎತ್ತಿದಳು. ಅಗುಳು ಬೆಂದಿದೆಯೋ ಅಂತ ನೋಡುವ ಹಾಗೆ ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಹಿಚುಕಿದಳು. ಒಳಗೆ ಬಿಳಿ ಚುಕ್ಕಿ ಕಂಡಿತು.

“ಅಯ್ಯಬ್ಬೆ! ಇದ್ ಬೇಯ್ಲೇ ಇಲ್ಲ ಮರ್ರೆ!”

“ಅದ್ ಹಾಂಗೇ ಇರ್ಕ್ ಜಲಜಕ್ಕ. ಹಲ್ಲಿಗೆ ಒಂಚೂರ್ ಸಿಕ್ಕುಕ್,” ಅಂದ ಯೋಗೀಶ.

“ಹಲ್ಲಿಗೆ ಕಲ್ಲೂ ಸಿಕ್ಕುತ್ತ್. ಅದನ್ನೂ ಬಡ್ಸ್ತ್ಯಾ?”

ಕುಚ್ಚಲಕ್ಕಿಯನ್ನು ತಾಸುಗಟ್ಟಲೆ ಬೇಯಿಸಿ ಉಣ್ಣುವ ಊರು ಇದು. ಕರೆದು ಕೂರಿಸಿ ಬೇಯದ್ದನ್ನು ಬಡಿಸಿದರೆ ಮನೆ ಮನೆಯ ನಡುವೆ ಮಾತು ಬಿಟ್ಟುಹೋಗುತ್ತದೆ. ಮಾತು ಬೆಳೆಯಿತು. ಪಿಜ್ಜಾದ ಮೇಲಿದ್ದ ಸಣ್ಣ ಉಪ್ಪು ಮೀನನ್ನು ಜಲಜ ಮೂಸಿ, “ಇದ್ ಗಂಗೊಳ್ಳಿಯಗೆ ಫಿಶ್‌ಮಿಲ್ಲಿಗೆ ಹೋಪು ಮೀನ್. ಕೋಳಿ ಸಾಕುವವ್ರ್ ತಕಂಡೋತ್ರ್,” ಅಂದಳು. ಬೋಟಿನ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದ ಮುತ್ತ ಆಲಿವ್ ಕಾಯಿ ಕಚ್ಚಿ, “ನೇರಳೆ ಹಣ್ಣಿಗೆ ಉಪ್ಪ್ ಯಾರ್ ಹಾಕಿದ್?” ಅಂತ ಬೀಜವನ್ನು ಕಿಟಕಿಯಾಚೆ ಉಗಿದ. ಯೋಗೀಶನ ಮುಖ ಸಪ್ಪಗಾಯಿತು.

ಅದನ್ನು ಕಂಡು ಮುತ್ತನೇ ಕೈ ಎತ್ತಿದ. “ಹ್ವಾಯ್, ಜಗಳ ಎಂತಕ್ಕೆ? ನಮ್ಮೂರಗೇ ಇಟಲಿ ಅಣ್ಣಯ್ಯ ಇದ್ರಲೆ. ಹದಿನೆಂಟ್ ವರ್ಷ ಅಲ್ಲೇ ಅಡ್ಗಿ ಮಾಡ್ದವ್ರ್. ಅವ್ರ್ ಹೇಳ್ದ್ ಸಮ. ಕರ್ಕಂಡ್ ಬನ್ನಿ ಅವ್ರನ್ನ್.”

ಕರೆ ಬಂದಾಗ ಅಣ್ಣಯ್ಯ ಜಗಲಿಯಲ್ಲಿ ಕೂತು ಗಂಜಿ ಉಣ್ಣುತ್ತಿದ್ದರು. ವಿಷಯ ಕೇಳಿದ್ದೇ ಕೈಯ ತುತ್ತು ಕೈಯಲ್ಲೇ ಉಳಿಯಿತು. ಯಾಕೆಂದರೆ ಅಣ್ಣಯ್ಯ ಇಟಲಿಗೆ ಹೋದವರೇ ಅಲ್ಲ. ಅವರು ಹದಿನೆಂಟು ವರ್ಷ ಇಡ್ಲಿ ಬೇಯಿಸಿದ್ದು ಮುಂಬೈಯ ಒಂದು ಡಾಕ್‌ಯಾರ್ಡಿನ ಕ್ಯಾಂಟೀನಿನಲ್ಲಿ. ಒಂದು ಸಲ ರಿಪೇರಿಗೆ ಬಂದ ಇಟಲಿ ಹಡಗಿನ ಮೆಕ್ಯಾನಿಕ್‌ಗಳು ವಾರವಿಡೀ ಅಲ್ಲಿ ಇಡ್ಲಿ ತಿಂದು ಹೋಗಿದ್ದರು. ಅಣ್ಣಯ್ಯನವರ ಇಟಲಿ ಅಂದರೆ ಅಷ್ಟೇ. ಊರಿಗೆ ಬಂದ ಹೊಸತರಲ್ಲಿ ಯಾರೋ “ಎಲ್ಲಿದ್ರಿ ಇಷ್ಟ್ ವರ್ಷ?” ಅಂದಾಗ ಬಾಯಿಂದ ‘ಇಟಲಿ’ ಅಂತ ಬಂತು. ಒಂದು ಸುಳ್ಳಿಗೆ ಇನ್ನೊಂದು ಸೇರಿ, ಇಟಲಿಯ ಸಮುದ್ರದಲ್ಲಿ ಉಪ್ಪೇ ಇಲ್ಲ ಅನ್ನುವವರೆಗೆ ಹೋಗಿತ್ತು. ಮದುವೆ ಮನೆಯಲ್ಲಿ ಮುಂದಿನ ಸಾಲಿನ ಕುರ್ಚಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಹಾರ, ಎಲ್ಲ ಆ ಇಟಲಿಯಿಂದಲೇ ಸಿಕ್ಕಿದ್ದು. ಹೆಂಡತಿ ರಾಜೀವಿ ಎಲ್ಲಿ ಹೋದರೂ “ನಮ್ಮವ್ರ್ ಇಟಲಿಯಗೆ ಇಪ್ಪಾಗ” ಅಂತಲೇ ಮಾತು ಶುರು ಮಾಡುವುದು. ಅವಳು ತಲೆ ತಗ್ಗಿಸಬೇಕಾಗಿ ಬಂದರೆ ಅನ್ನುವುದೊಂದೇ ಅಣ್ಣಯ್ಯನವರ ಹೆದರಿಕೆ.

“ನಂಗ್ ಹೊಟ್ಟಿ ಸಮ ಇಲ್ಲ ಕಾಣ್,” ಅಂದರು.

“ಬಟ್ಲ್ ತುಂಬ ಗಂಜಿ ಉಂಬುಕೆ ಸಮ ಇತ್ತಾ? ಏಳಿನಿ,” ಅಂತ ರಾಜೀವಿ ಇಸ್ತ್ರಿ ಅಂಗಿ ತೊಡಿಸಿ ಎಳೆದುಕೊಂಡೇ ಹೋದಳು.

ಹೋಟೆಲಿನಲ್ಲಿ ಅಣ್ಣಯ್ಯನವರನ್ನು ನಡು ಮೇಜಿಗೆ ಕೂರಿಸಿದರು. ಮಾತು ಆಡುವ ಮೊದಲೇ ಅಡುಗೆಮನೆಯ ಬಾಗಿಲು ತೆರೆಯಿತು. ಏಪ್ರನ್ ಕಟ್ಟಿದ ಆರಡಿ ಎತ್ತರದ ಬಿಳಿ ಮನುಷ್ಯ ಹೊರಗೆ ಬಂದ. ಅವನು ಲೂಕಾ, ಯೋಗೀಶನ ತಂಗಿ ಶ್ರಾವ್ಯಳ ಗಂಡ, ಹುಟ್ಟಿ ಬೆಳೆದದ್ದೆಲ್ಲ ಇಟಲಿ. ಭಾವನ ಹೋಟೆಲಿಗೆ ಅಂತಲೇ ಹೆಂಡತಿಯ ಜೊತೆ ಹಿಂದಿನ ರಾತ್ರಿಯಷ್ಟೇ ಬಂದಿಳಿದಿದ್ದ. ಅಣ್ಣಯ್ಯ ಬೋರ್ಡಿನಲ್ಲಿ ಮಾತ್ರ ಇಟಲಿ ಇದೆ ಅಂದುಕೊಂಡಿದ್ದರು, ಒಳಗೂ ಇತ್ತು!

“ನಮ್ ಅಣ್ಣಯ್ಯ ನಿಮ್ಮೂರಗೇ ಇದ್ದದ್ದ್,” ಅಂತ ಮುತ್ತ ಪರಿಚಯ ಮಾಡಿಸಿದ್ದೇ ಲೂಕಾನ ಮುಖ ಅರಳಿತು. ಎರಡೂ ಕೈ ಚಾಚಿ ಒಂದೇ ಉಸಿರಿಗೆ ಇಟಾಲಿಯನ್ನಿನಲ್ಲಿ ಏನೇನೋ ಕೇಳಿದ. ಅಣ್ಣಯ್ಯನವರಿಗೆ ಆ ಮೆಕ್ಯಾನಿಕ್‌ಗಳು ಇಡ್ಲಿ ತಿಂದು ಥ್ಯಾಂಕ್ಸ್ ಅನ್ನಲಿಕ್ಕೆ ಹೇಳುತ್ತಿದ್ದ ಒಂದೇ ಒಂದು ಶಬ್ದ ಗೊತ್ತಿತ್ತು.

“ಗ್ರಾತ್ಸಿಯೆ,” ಅಂದರು. ಲೂಕಾ ಮತ್ತೊಮ್ಮೆ ಕೇಳಿದ. “ಗ್ರಾತ್ಸಿಯೆ, ಗ್ರಾತ್ಸಿಯೆ.”

“ಕಂಡ್ರ್ಯಾ, ಎಷ್ಟ್ ಚಂದ ಮಾತಾಡ್ತ್ರ್!” ಅಂದಳು ರಾಜೀವಿ.

ಲೂಕಾ ತಲೆ ಕೆರೆದುಕೊಂಡ. ಆಮೇಲೆ ಬಾಯಿ ತೆರೆದ. “ಹ್ವಾಯ್ ಅಣ್ಣಯ್ಯ, ಯಾವ್ ಊರಗೆ ಇದ್ದದ್ದ್ ಅಂದೇಳಿ ಕೇಂಡದ್ದ್ ನಾನ್. ಕನ್ನಡದಗೇ ಮಾತಾಡ್ವ, ಆಯ್ತಾ?”

ನಾಲ್ಕು ವರ್ಷದ ಸಂಸಾರದಲ್ಲಿ ಶ್ರಾವ್ಯ ಕಲಿಸಿದ ಕುಂದಾಪ್ರ ಕನ್ನಡ ಅದು. ಕನ್ನಡ ಅಂದರೆ ಇದೊಂದೇ ಅಂತ ಅವನು ತಿಳಿದಿದ್ದ.

“ಊರ್ ಎಲ್ಲ ಆಮೇಲ್,” ಜಲಜ ತಟ್ಟೆ ಮುಂದೆ ದೂಡಿದಳು. “ಅಣ್ಣಯ್ಯ, ಮೊದ್ಲ್ ಇದ್ ಬೆಂದಿತ್ತಾ ಇಲ್ಯಾ ಹೇಳಿ.”

ಅಣ್ಣಯ್ಯ ಒಂದು ಎಳೆ ಬಾಯಿಗಿಟ್ಟರು. ನಿಜ ಹೇಳಬೇಕೆಂದರೆ ರುಚಿಯಾಗಿತ್ತು. ಆದರೆ ಪಕ್ಕದಲ್ಲಿ ರಾಜೀವಿ ಅದನ್ನೇ ಜಗಿದು ಮುಖ ಕಿವುಚುತ್ತಿದ್ದಳು. ಜಲಜ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಹೆಂಡತಿಯನ್ನೂ ಮೀನಿನವಳನ್ನೂ ಒಂದೇ ದಿನ ಎದುರು ಹಾಕಿಕೊಂಡು ಕರಾವಳಿಯಲ್ಲಿ ಬದುಕಲಿಕ್ಕೆ ಆಗುತ್ತದೆಯೇ?

“ಬೇಯ್ಲಿಲ್ಲ,” ಅಂದರು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಹಳೆಯ ಚಾಳಿ, ನಾಲಿಗೆ ನಿಲ್ಲಲಿಲ್ಲ. “ಇಟಲಿಯಗೆ ನಾವ್ ಎರ್ಡ್ ಗಂಟಿ ಬೇಯ್ಸುದ್. ಗಂಜಿ ತೆಗ್ದ್, ಮತ್ತೊಂದ್ ಕೊದಿ ಬರ್ಸುದ್.”

ಲೂಕಾನ ಬಿಳಿ ಮುಖ ಕೆಂಪಾಯಿತು. “ಎರ್ಡ್ ಗಂಟಿ? ಗಂಜಿ?” ಅಂದ. “ನನ್ ಅಜ್ಜಿ ಕೇಂಡಿರೆ ಸಾಯ್ತಿತ್ತ್! ಇಟಲಿಯಗೆ ಇದ್ದ್ ಬಂದವ್ರೇ ಹೀಂಗ್ ಹೇಳಿರ್ ನಾನ್ ಯಾರಿಗ್ ಅಡ್ಗಿ ಮಾಡುದ್? ಶ್ರಾವ್ಯಾ, ಬ್ಯಾಗ್ ಕಟ್ಟ್, ಹೋಪ!” ಏಪ್ರನ್ ಬಿಚ್ಚಿ ಮೇಜಿನ ಮೇಲೆ ಎಸೆದು ಅವನು ಬಾಗಿಲ ಕಡೆ ನಡೆದ.

ಯೋಗೀಶ ಅಲ್ಲೇ ಕುಸಿದು ಕೂತ. “ಸಂಜಿಗೆ ಐವತ್ ಜನ ಬತ್ರ್. ಎಂತ ಸಾವ್ ಮರ್ರೆ ಇದ್,” ಅಂದವನ ಕಣ್ಣಲ್ಲಿ ನೀರು ತುಂಬಿತ್ತು. ಅಣ್ಣಯ್ಯ ಅದನ್ನು ಕಂಡರು. ತಮ್ಮ ಒಂದು ಸುಳ್ಳು ಈ ಹುಡುಗನ ಅನ್ನಕ್ಕೇ ಕಲ್ಲು ಹಾಕಿತಲ್ಲ! ರಾಜೀವಿಯ ಮುಖ ನೋಡುವ ಧೈರ್ಯ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ಎದ್ದು ನಿಂತರು.

“ಲೂಕಾ, ನಿಲ್ಲ್! ನಾನ್ ಇಟಲಿಗೆ ಹೋಯ್ಲೇ ಇಲ್ಲ. ಮುಂಬೈ ಕ್ಯಾಂಟೀನಗೆ ಇಡ್ಲಿ ಬೇಯ್ಸ್ಕಂಡ್ ಇದ್ದೆ. ಇಷ್ಟ್ ವರ್ಷ ಹೇಳಿದ್ದೆಲ್ಲ ಸುಳ್ಳ್. ರಾಜೀವಿ, ತಪ್ಪಾಯ್ತ್ ಮಾರಾಯ್ತಿ.”

ಅಣ್ಣಯ್ಯ ಬೈಗುಳಕ್ಕೆ ಕಾದರು. ಬರಲಿಲ್ಲ. ಒಂದು ಕಣ್ಣು ತೆರೆದು ನೋಡಿದರೆ ಎಲ್ಲರೂ ಅವರನ್ನೇ ದಿಟ್ಟಿಸುತ್ತಿದ್ದರು. ಯಾರ ಮುಖದಲ್ಲೂ ಸಿಟ್ಟಿಲ್ಲ, ದಿಗಿಲು ಮಾತ್ರ ಇತ್ತು.

“ಅದ್ ನಮ್ಗ್ ಗೊತ್ತಿತ್ತಲೆ,” ಅಂದ ಮುತ್ತ.

“ಗೊತ್ತಿತ್ತಾ?”

“ಮುಂಬೈ ಕ್ಯಾಂಟೀನಗೆ ಅಡಗಿ ಕೂಕಂಬುಕಾತ್ತಾ ಅಣ್ಣಯ್ಯ? ಅಲ್ ಅರ್ಧ ಕುಂದಾಪ್ರವೇ ಇತ್ತ್. ನಾನೇ ಎರ್ಡ್ ವರ್ಷ ನಿಮ್ ಇಡ್ಲಿ ತಿಂದಿದ್ದೆ. ನೀವ್ ಒಳಗಿದ್ರಿ, ನನ್ನ್ ಕಾಣ್ಲಿಲ್ಲ.”

“ನನ್ ತಮ್ಮ ಅಲ್ಲೇ ಗ್ಲಾಸ್ ತೊಳಿತಿದ್ದ,” ಅಂದಳು ಜಲಜ.

ಅಣ್ಣಯ್ಯ ತಡವರಿಸುತ್ತ ಹೆಂಡತಿಯ ಕಡೆ ತಿರುಗಿದರು. ರಾಜೀವಿ ತಲೆ ಚಚ್ಚಿಕೊಂಡಳು. “ನೀವ್ ಬರ್ದ ಕಾಗ್ದದ್ ಮೇಲೆಲ್ಲ ಮುಂಬೈ ಸೀಲ್ ಇರ್ತಿತ್ತ್. ನಂಗ್ ಓದುಕೆ ಬತ್ತಿಲ್ಯಾ? ನಿಮ್ಗ್ ಬೇಜಾರ್ ಆಪುದ್ ಬ್ಯಾಡ ಅಂದೇಳಿ ಊರವ್ರೆಲ್ಲ ಬಾಯಿ ಮುಚ್ಕಂಡ್ ಇದ್ದದ್ದ್. ಇವತ್ ನೀವೇ ಬಾಯಿ ಬಿಟ್ರಿ!”

“ಮತ್ತೆ ನನ್ನ್ ಎಂತಕ್ಕೆ ಕರ್ಸ್ದ್ರಿ?”

“ನೀವ್ ‘ಸಮ ಇತ್ತ್’ ಅಂದ್ ಬಿಡ್ತ್ರಿ, ಇಟಲಿಯವ್ರ ಮಾತಿಗೆ ಜಲಜ ಎದ್ರಾಡುದಿಲ್ಲ, ಹುಡ್ಗನ ಮಾನ ಉಳಿತ್ ಅಂದೇಳಿ,” ಅಂದ ಮುತ್ತ.

“ಹೌದ್,” ಜಲಜ ಒಪ್ಪಿದಳು. “ಹಿರಿಯರ್ ಹೇಳಿರ್ ಸುಳ್ಳಾದ್ರೂ ಒಪ್ಕಂತಿದ್ದೆ.”

ಅಣ್ಣಯ್ಯನವರಿಗೆ ಇನ್ನೂ ಕೈ ಮೀರಿಲ್ಲ ಅನ್ನಿಸಿ ಗಡಿಬಿಡಿಯಲ್ಲಿ ತಟ್ಟೆ ಎತ್ತಿ ಹಿಡಿದರು. “ಹಾಂಗಾರೆ ಈಗ ನಿಜ ಹೇಳ್ತೆ ಕೇಣಿ. ಲೂಕಾ ಮಾಡಿದ್ದೇ ಸಮ! ಇದ್ ಹೀಂಗೇ ತಿಂಬುದ್!”

“ಹ್ವಾಯ್, ನೀವ್ ಸುಮ್ನೆ ಕೂಕಣಿ,” ಜಲಜ ಅವರ ಕೈಯಿಂದ ತಟ್ಟೆ ಕಿತ್ತುಕೊಂಡಳು. “ಇಟಲಿ ಕಾಣದ್ದವ್ರಿಗೆ ಎಂತ ಗೊತ್ತ್? ರಾಜೀವಕ್ಕ, ದೊಡ್ ಪಾತ್ರಿ ಒಲಿ ಮೇಲ್ ಇಡಿ. ಇನ್ನೊಂದ್ ಗಂಟಿ ಬೇಯ್ಲಿ.”

ಹೆಂಗಸರು ಅಡುಗೆಮನೆಗೆ ನುಗ್ಗಿದರು. ಕುರ್ಚಿಗೆ ಕುಸಿದ ಅಣ್ಣಯ್ಯನವರ ಪಕ್ಕದಲ್ಲಿ, ಬಾಗಿಲಲ್ಲೇ ನಿಂತಿದ್ದ ಲೂಕಾ ಬಂದು ಕೂತ. ಒಳಗೆ ತನ್ನ ಸ್ಪಾಗೆಟ್ಟಿ ಕೊತಕೊತ ಕುದಿಯುವುದನ್ನು ಕೇಳಿಸಿಕೊಂಡು ದೊಡ್ಡ ನಿಟ್ಟುಸಿರು ಬಿಟ್ಟ.

“ಅಣ್ಣಯ್ಯ, ಹ್ಯಾಂಗೂ ಸುಳ್ಳ್ ಹೇಳ್ತಿದ್ರಿ,” ಅಂದ. “ಅದನ್ನೇ ಒಂಚೂರ್ ನನ್ ಬದಿಗ್ ಹೇಳುಕಾಗ್ಲಿಲ್ಯಾ?”