ಹೌದತ್ತೆ, ನಾನೇ ಕದ್ದೆ

ಮರೆವಿನ ಕಾಯಿಲೆ ಇರುವ ಹಿರಿಯರ ಜೊತೆ ಹೇಗೆ ಮಾತಾಡಬೇಕು ಅಂತ ಮನೆಮನೆಗೆ ಹೋಗಿ ಕಲಿಸುವುದು ನನ್ನ ಕೆಲಸ. ಈ ಕೆಲಸದಲ್ಲಿ ಯಾರಾದರೂ ನನ್ನನ್ನು ಅನುಮಾನವಿಲ್ಲದೆ ಒಳಗೆ ಕರೆದರೆ, ನಾನು ತಪ್ಪು ಮನೆಗೆ ಬಂದೆನೇನೋ ಅಂತ ನನಗೇ ಅನುಮಾನ ಬರುತ್ತದೆ.

ನನ್ನ ಮನೆ ಹೊನ್ನಾಳಿ. ಬಸ್ಸು ಹತ್ತಿ ನ್ಯಾಮತಿ, ಚನ್ನಗಿರಿ, ಜಗಳೂರು ಸುತ್ತುತ್ತೇನೆ. ಹೆಗಲಿಗೊಂದು ಚೀಲ, ಕೊರಳಿಗೊಂದು ಗುರುತಿನ ಚೀಟಿ. ಆ ಚೀಟಿ ಕಂಡರೆ ಸಾಕು, ಕೆಲವರು ರೇಷನ್ ಕಾರ್ಡ್ ರದ್ದು ಮಾಡಲು ಬಂದವಳು ಅಂದುಕೊಳ್ಳುತ್ತಾರೆ, ಕೆಲವರು ಕರೆಂಟ್ ಕಟ್ ಮಾಡಲು ಬಂದವಳು ಅಂತ ಬಾಗಿಲು ಹಾಕಿಕೊಳ್ಳುತ್ತಾರೆ. ನಾನೂ ಕಡಿಮೆಯವಳಲ್ಲ. ನನಗೂ ಎಲ್ಲರ ಮೇಲೆ ಅನುಮಾನ, ಅದರಲ್ಲೂ ಪಾಠ ಕೇಳುವಾಗ ಜೋರಾಗಿ ತಲೆಯಾಡಿಸುವವರ ಮೇಲೆ ಬಲು ಅನುಮಾನ.

೧. ಸಂಚಿ ಹೋಯಿತು

ನ್ಯಾಮತಿಯಲ್ಲಿ ಒಂದು ಮನೆ. ಅಲ್ಲಿ ಅಜ್ಜಿ, ಅವರ ಮಗ, ಮನೆಯಲ್ಲೇ ಬ್ಲೌಸ್ ಹೊಲಿಯುವ ಸೊಸೆ. ಸೊಸೆಯ ತವರು ಸಂತೇಬೆನ್ನೂರು. ಅಜ್ಜಿಗೆ ಮರೆವು ಶುರುವಾದ ಮೇಲೆ ಎಲೆ ಅಡಿಕೆ ಸಂಚಿಯನ್ನು ತಾವೇ ಎಲ್ಲೋ ಅಡಗಿಸಿಡುತ್ತಾರೆ, ಆಮೇಲೆ ಸೊಸೆ ಕದ್ದಳು ಅಂತ ಬೀದಿಗೆ ಕೇಳುವಂತೆ ಕೂಗುತ್ತಾರೆ. ಸಂಚಿ ಒಮ್ಮೆ ಅಕ್ಕಿ ಡಬ್ಬದಲ್ಲಿ ಸಿಕ್ಕಿತ್ತು, ಒಮ್ಮೆ ಮಗನ ಹೆಲ್ಮೆಟ್ಟಿನೊಳಗೆ.

ಕೂಗಾಟವನ್ನು ಸೊಸೆ ಹೇಗೋ ಸಹಿಸಿಕೊಂಡಿದ್ದಳು. ಆದರೆ ಅಜ್ಜಿ ಈಗ ಅವಳು ಬಡಿಸಿದ ಊಟವನ್ನೇ ಮುಟ್ಟುತ್ತಿರಲಿಲ್ಲ. ಸಾರಿಗೆ ಏನೋ ಬೆರೆಸಿದ್ದಾಳೆ ಅಂತ ತಟ್ಟೆ ದೂಡುತ್ತಿದ್ದರು. ಬಿಸ್ಕತ್ತು ತಿಂದು ಎಷ್ಟು ದಿನ ಇರಲಾಗುತ್ತದೆ? ಅಜ್ಜಿಯ ರವಿಕೆಗಳನ್ನು ಸೊಸೆ ಮತ್ತೆ ಮತ್ತೆ ಬಿಗಿ ಮಾಡಿ ಹೊಲಿಯುತ್ತಿದ್ದಳು. ಅದನ್ನು ತೋರಿಸುವಾಗ ಅವಳ ಕಣ್ಣಲ್ಲಿ ನೀರು.

"ಅಕ್ಕಾ, ಬೈದ್ರೆ ಬೈಲಿ. ನನ್ನ ಕೈಯಾಗಿನ ಒಂದು ತುತ್ತು ಉಂಡ್ರೆ ಸಾಕು. ಇಲ್ಲಾಂದ್ರೆ ಇವಳೇ ಅತ್ತೆನ ಉಪವಾಸ ಕೆಡವಿದ್ಲು ಅಂತಾರೆ ನನ್ನ ನಾದಿನಿ."

ನಾದಿನಿಯನ್ನು ಕೊಟ್ಟಿದ್ದು ಹೊನ್ನಾಳಿಗೆ. ಫೋನಿನಲ್ಲೇ ತನಿಖೆ ನಡೆಸುವ ಹೆಂಗಸು.

ನಾನು ನನ್ನ ಪಾಠ ಹೇಳಿದೆ. "ವಾದ ಮಾಡಬೇಡ. ಅವರು ಹೇಳಿದ್ದಕ್ಕೆ ಹೌದು ಅನ್ನು. ಅವರ ಮನಸ್ಸು ಎಲ್ಲಿದೆಯೋ ಅಲ್ಲಿಗೆ ನೀನೇ ಹೋಗು."

ಸೊಸೆ ತಲೆಯಾಡಿಸಿದಳು. ಅಷ್ಟರಲ್ಲಿ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು, "ನೀನು ಹೋಗಾಗ ಚೀಲ ಬಿಚ್ಚಿ ತೋರಿಸಿ ಹೋಗವ್ವ" ಅಂದರು. ತೋರಿಸಿದೆ. ಸಂಚಿ ನನ್ನ ಚೀಲದಲ್ಲೇ ಇತ್ತು.

೨. ಟವೆಲ್ಲಿನೊಳಗಿನ ಕುರಿ

ಜಗಳೂರು ತಾಲೂಕಿನ ಬಿಳಿಚೋಡಿನಲ್ಲಿ ಒಬ್ಬ ಅಜ್ಜನಿಗೂ ಇದೇ ಪಾಠ ಬೇಕಾಗಿತ್ತು. ಒಂದು ಕಾಲಕ್ಕೆ ದೊಡ್ಡ ಕುರಿ ಹಿಂಡು ಸಾಕಿದವರು. ಹಿಂಡು ಮಾರಿ ಬಹಳ ವರ್ಷವಾಗಿದ್ದರೂ ಬೆಳಗಾದರೆ ಕುರಿ ಎಲ್ಲಿ ಅಂತ ಕೇಳುತ್ತಿದ್ದರು. ಮಗ ನಿತ್ಯವೂ ಮಾರಿದ್ದನ್ನು ನೆನಪಿಸುತ್ತಿದ್ದ, ಅಜ್ಜ ನಿತ್ಯವೂ ಹೊಸದಾಗಿ ಕೇಳಿದಂತೆ ಅಳುತ್ತಿದ್ದರು.

"ಮೇಯಾಕೆ ಹೋಗ್ಯಾವೆ ಅಂತ ಹೇಳ್ರಿ, ಸಾಕು" ಅಂದೆ.

ಮಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸುಳ್ಳು ಹೇಳಾಕೆ ಕಲಿಸಾಕೆ ಇಷ್ಟು ದೂರ ಬಸ್ ಹತ್ತಿ ಬಂದೀರೇನ್ರಿ?"

ಆದರೂ ಒಪ್ಪಿದ. ಮುಂದಿನ ಸಲ ಹೋದಾಗ ಕಟ್ಟೆಯ ಮೇಲೆ ಅಜ್ಜನ ಪಕ್ಕ ಒಬ್ಬ ಅಪರಿಚಿತ ಕೂತಿದ್ದ. ಇಬ್ಬರ ಕೈಗಳ ಮೇಲೆ ಒಂದು ಟವೆಲ್ ಹೊದಿಸಿತ್ತು. ಸಂತೆಯಲ್ಲಿ ಕುರಿ ವ್ಯಾಪಾರ ಮಾಡುವವರು ಹೀಗೆ ಟವೆಲ್ಲಿನೊಳಗೆ ಬೆರಳು ಹಿಡಿದೇ ದರ ಹೇಳುತ್ತಾರೆ, ಸುತ್ತ ನಿಂತವರಿಗೆ ಗೊತ್ತಾಗಬಾರದು ಅಂತ. ಆ ಮನುಷ್ಯ ದಾರಿಯಲ್ಲಿ ಹೋಗುತ್ತಿದ್ದ ಕುರಿ ವ್ಯಾಪಾರಿ. ಕುರಿ ಇವೆಯಾ ಅಂತ ಕೇಳಿದ್ದಾನೆ. ಅಜ್ಜ ಎದುರಿಗಿದ್ದರು, ಮಗನಿಗೆ ನನ್ನ ಪಾಠ ನೆನಪಿತ್ತು. "ಅದಾವೆ, ಮೇಯಾಕೆ ಹೋಗ್ಯಾವೆ" ಅಂದುಬಿಟ್ಟಿದ್ದಾನೆ. ಅಜ್ಜನ ಮರೆವು ಬೆರಳಿನವರೆಗೆ ಇಳಿದಿರಲಿಲ್ಲ, ವ್ಯಾಪಾರ ಕುದುರಿಯೇ ಹೋಗಿತ್ತು.

ವ್ಯಾಪಾರಿ ಸಂಜೆಯವರೆಗೆ ಹಿಂಡಿನ ದಾರಿ ಕಾದ. ಕೊನೆಗೆ ಮಗ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ನಿಜ ಹೇಳಿದ. ವ್ಯಾಪಾರಿ ಸಿಟ್ಟಾಗಲಿಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಇವತ್ತು ನಾನು ಕಂಡೋರ ಪೈಕಿ ಸರಿಯಾದ ದರ ಹೇಳಿದ್ದು ಇವರೊಬ್ರೇ ಕಣ್ರಿ. ಕುರಿ ಇಲ್ಲ ಅನ್ನೋದೊಂದೇ ತೊಂದ್ರೆ" ಅಂದ.

೩. ಗಂಡ ಕೆಟ್ಟುಹೋದ

ಚನ್ನಗಿರಿಯಲ್ಲಿ ಒಂದು ತರಬೇತಿ ಇಟ್ಟಿದ್ದೆವು. ತಂದೆಗೆ ಮರೆವು ಅಂತ ಒಬ್ಬಾತ ಬಂದಿದ್ದ, ಮುಂದಿನ ಸಾಲಿನಲ್ಲೇ ಕೂತು ಜೋರಾಗಿ ತಲೆಯಾಡಿಸಿದ. ಆಗಲೇ ನನಗೆ ಅನುಮಾನ ಬಂತು.

ಒಂದು ವಾರದೊಳಗೆ ಅವನ ಹೆಂಡತಿ ಅವನನ್ನು ಹೊನ್ನಾಳಿಯ ನನ್ನ ಮನೆಗೇ ಕರೆದುಕೊಂಡು ಬಂದಳು. ಅವನನ್ನು ಹೊರಗೆ ಕೂರಿಸಿ ತಾನೊಬ್ಬಳೇ ಒಳಗೆ ಬಂದು ಬಾಗಿಲು ಓರೆ ಮಾಡಿದಳು.

"ಮೇಡಂ, ಇವರಿಗೂ ಮಾವನ ಕಾಯಿಲೆ ಹತ್ತೈತೆ ಅನ್ಸುತ್ತೆ."

"ಯಾಕಮ್ಮ, ಏನು ಮರೀತಾರೆ?"

"ಮರೆಯೋದೇನಿಲ್ಲ. ನಾನು ಏನಂದ್ರೂ ಹೌದು ಅಂತಾರೆ. ಎದುರು ಮಾತಿಲ್ಲ. ನಾನು ಮಾತಾಡಾಗ ಮೊಬೈಲ್ ಕೆಳಗಿಟ್ಟು ಮುಖ ನೋಡ್ತಾರೆ. ನಿನ್ನೆ ಪಕ್ಕ ಕೂತ್ಕೊಂಡು, ಕೈ ಹಿಡ್ಕೊಂಡು, ನಿಧಾನಕ್ಕೆ ಹೇಳು ಅಂದ್ರು ಮೇಡಂ. ನಂಗೆ ಎದೆ ಝಲ್ ಅಂತು."

ಅವನನ್ನು ಒಳಗೆ ಕರೆದು ವಿಚಾರಿಸಿದೆ. ಅಪ್ಪನ ಮೇಲೆ ಪ್ರಯೋಗಿಸುವ ಮೊದಲು ಮನೆಯಲ್ಲಿ ಕೈ ಪಳಗಲಿ ಅಂತ ಮಾಡಿದ್ದನಂತೆ. ಕಾಯಿಲೆಯಲ್ಲ, ನನ್ನ ತರಬೇತಿ ಅಂತ ಅವಳಿಗೆ ವಿವರಿಸಿದೆ. ಅವಳು "ಇದು ಎಷ್ಟು ದಿನಕ್ಕೆ ಇಳಿಯುತ್ತೆ ಮೇಡಂ?" ಅಂತ ಕೇಳಿದಳು.

೪. ಬೀದಿಗೆಲ್ಲ ಕೇಳಿಸಿತು

ಇತ್ತ ನ್ಯಾಮತಿಯಲ್ಲಿ ಸೊಸೆ ನನ್ನ ಪಾಠವನ್ನು ಚಾಚೂ ತಪ್ಪದೆ ನಡೆಸುತ್ತಿದ್ದಳು. ಒಂದು ಬೆಳಿಗ್ಗೆ ಅಜ್ಜಿ ಹೊರಗೆ ಜಗಲಿಯ ಮೇಲೆ ನಿಂತು, "ನನ್ನ ಸಂಚಿ ಕದ್ದೋಳು ನೀನೇ" ಅಂದಿದ್ದಾರೆ. ವಾದ ಮಾಡಬಾರದಲ್ಲ? ಸೊಸೆ ತಣ್ಣಗೆ ಹೇಳಿದ್ದಾಳೆ, "ಹೌದತ್ತೆ, ನಾನೇ ಕದ್ದೆ."

ಅಜ್ಜಿಗೆ ಆ ಕ್ಷಣಕ್ಕೆ ಸಮಾಧಾನವಾಯಿತು. ಆದರೆ ಹಾಲು ಹಾಕಲು ಬಂದ ಹೆಂಗಸು ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಅವಳು ಬೀದಿಯ ತುದಿ ಮುಟ್ಟುವ ಹೊತ್ತಿಗೆ ಸಂಚಿ ಹೋಗಿ ಸರವಾಗಿತ್ತು. ಆ ಸುದ್ದಿ ಹೊನ್ನಾಳಿ ಮುಟ್ಟುವ ಹೊತ್ತಿಗೆ ಸರದ ಜೊತೆ ಬಳೆಯೂ ಸೇರಿತ್ತು.

ನಾದಿನಿ ನನಗೇ ಫೋನು ಹಚ್ಚಿದಳು. "ನೋಡ್ರಿ, ಅವಳೇ ಬಾಯಿಬಿಟ್ಟು ಒಪ್ಕೊಂಡಾಳೆ. ಭಾನುವಾರ ಬರ್ತೀನಿ. ಅವ್ವನ್ನ ನನ್ನ ಮನಿಗೆ ಕರ್ಕೊಂಡು ಹೋಗ್ತೀನಿ. ಅವ್ವಗೆ ಯಾರು ಹೆಂಗೆ ಅಂತ ಚೆಂದಾಗಿ ಗೊತ್ತೈತೆ. ನಿಮ್ಮ ಮರೆವು ಗಿರೆವು ಎಲ್ಲ ಅವಳು ಕಟ್ಟಿದ ಕತೆ."

"ಅದು ಕಾಯಿಲೆಯ ಗುಣ, ಒಪ್ಪಿಕೊಳ್ಳಲು ಹೇಳಿಕೊಟ್ಟಿದ್ದು ನಾನೇ" ಅಂದೆ.

ನಾದಿನಿ ಕೇಳಿದಳು, "ಹಂಗಾದ್ರೆ ನಿಮಗೂ ಪಾಲು ಐತೇನ್ರಿ?"

೫. ಯಾವೂರವ್ವ ನಿಂದು?

ಭಾನುವಾರ ನಾನೂ ಹೋದೆ. ನಾದಿನಿ ಕುರ್ಚಿ ಎಳೆದುಕೊಂಡು ನಡುಮನೆಯಲ್ಲಿ ಕೂತಿದ್ದಳು. ಮಗ ಬಾಗಿಲಿಗೆ ಒರಗಿ ಮೊಬೈಲ್ ನೋಡುತ್ತಿದ್ದ. ಅಮ್ಮನ ಪರವೂ ಅಲ್ಲ, ಹೆಂಡತಿಯ ಪರವೂ ಅಲ್ಲ, ಮೊಬೈಲಿನ ಪರ.

"ಅವ್ವ ಸೊರಗಿ ಕಡ್ಡಿ ಆಗ್ಯಾಳೆ. ಇವಳ ಕೈಲಿ ಒಂದು ತುತ್ತು ಉಣ್ಣಲ್ಲ. ಹೆತ್ತ ಮಗಳು ನಾನು, ನನ್ನ ಕೈಲಿ ಉಣ್ತಾಳೆ" ಅಂತ ನಾದಿನಿ ಅಡಿಗೆಮನೆಗೂ ಕೇಳುವಂತೆ ಹೇಳಿದಳು.

ಸೊಸೆ ಬೆಳಿಗ್ಗೆಯೇ ರೊಟ್ಟಿ ತಟ್ಟಿ, ಸೊಪ್ಪಿನ ಸಾರು ಮಾಡಿಟ್ಟಿದ್ದಳು. ಈ ಮಾತು ಕೇಳಿದ್ದೇ ಒಳ್ಳೆಯ ಸೀರೆ ಉಟ್ಟು, ಚೀಲ ತುಂಬಿ, ಹಿತ್ತಲ ಬಾಗಿಲಿನಿಂದ ಹೊರಟುಹೋದಳು. ಬಸ್ ಸ್ಟ್ಯಾಂಡಿಗೆ, ತವರಿಗೆ. ನಾನು ತಡೆಯಲು ಹೋದರೆ, "ಸಾಕಕ್ಕ, ಹೌದು ಅಂದು ಅಂದು ಸಾಕಾತು" ಅಂದಳು. ನನ್ನ ಪಾಠದ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ನಾದಿನಿ ತಟ್ಟೆಗೆ ಬಡಿಸಿ ಅಜ್ಜಿಯ ಮುಂದಿಟ್ಟಳು. ಅಜ್ಜಿ ತಟ್ಟೆ ನೋಡಿದರು, ಅವಳ ಮುಖ ನೋಡಿದರು, ತಟ್ಟೆಯನ್ನು ದೂಡಿದರು.

ಅಷ್ಟರಲ್ಲಿ ಮುಂಬಾಗಿಲಲ್ಲಿ ನೆರಳು ಬಿತ್ತು. ಸೊಸೆ. ಬಸ್ ಸ್ಟ್ಯಾಂಡ್ ಮುಟ್ಟಿದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಅಂತ ಅನುಮಾನ ಬಂದು ವಾಪಸ್ ಓಡಿಬಂದಿದ್ದಳು, ಅವಸರದಲ್ಲಿ ಎದುರಿಗೆ ಸಿಕ್ಕ ಮುಂಬಾಗಿಲಿಗೇ. ಆ ಮನೆಯ ಹೆಂಗಸರು ಓಡಾಡುವುದು ಹಿತ್ತಲ ಬಾಗಿಲಿನಲ್ಲಿ. ಮುಂಬಾಗಿಲಿನಲ್ಲಿ ಒಳ್ಳೆಯ ಸೀರೆ ಉಟ್ಟು, ಚೀಲ ಹಿಡಿದು ಬರುವವರು ಅಂದರೆ ನೆಂಟರು.

ಅಜ್ಜಿ ಎದ್ದೇಬಿಟ್ಟರು. "ಬಾರವ್ವ ಬಾ. ಬಿಸ್ಲಾಗೆ ಬಂದೀಯ" ಅಂತ ತಾವೇ ತಂಬಿಗೆಯಲ್ಲಿ ಕಾಲಿಗೆ ನೀರು ತಂದುಕೊಟ್ಟರು. "ಯಾವೂರವ್ವ ನಿಂದು?"

ಸೊಸೆ ನನ್ನ ಕಡೆ ನೋಡಿದಳು. ನಾನು ಕಣ್ಣಲ್ಲೇ ಹ್ಞೂಂ ಅಂದೆ.

"ಸಂತೇಬೆನ್ನೂರು" ಅಂದಳು. ಸುಳ್ಳೇನಲ್ಲ.

"ಕೂಡು. ಉಂಡೇ ಹೋಗಬೇಕು. ನನ್ನ ಸೊಸೆ ಎಲ್ಲೋ ಹೋಗ್ಯಾಳೆ. ಇದ್ದಿದ್ರೂ ನಿಂಗೆ ನೀರು ಕೊಡ್ತಿರಲಿಲ್ಲ ಬಿಡು."

"ನೀವು ಉಣ್ಣದೆ ನಾನು ಹೆಂಗೆ ಉಣ್ಲಿ? ನೀವೂ ಕೂಡ್ರಿ" ಅಂತ ಸೊಸೆ ಎರಡು ತಟ್ಟೆಗೂ ತಾನೇ ಬಡಿಸಿದಳು. ನೆಂಟರನ್ನು ಹಸಿದು ಕಳಿಸಿದ ಮನೆ ಅನ್ನಿಸಿಕೊಳ್ಳಲು ಯಾವ ಅಜ್ಜಿ ಒಪ್ಪುತ್ತಾರೆ? ಕೂತರು. ರೊಟ್ಟಿ ಮುರಿದರು, ಸಾರಿಗೆ ಅದ್ದಿದರು, ಬಾಯಿಗಿಟ್ಟರು. ಇನ್ನೊಂದು ತುತ್ತು. ಇನ್ನೊಂದು. ಸೊಸೆ ತನ್ನ ತಟ್ಟೆಯನ್ನು ಮುಟ್ಟಲೇ ಇಲ್ಲ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ನೋಡುತ್ತಿದ್ದಳು.

ನಾದಿನಿಯ ಬಾಯಿ ತೆರೆದೇ ಇತ್ತು. ಅಜ್ಜಿ ಅವಳ ಕಡೆ ಓರೆಗಣ್ಣಲ್ಲಿ ನೋಡಿ, ಸೊಸೆಯ ಕಿವಿಗೆ ಬಾಗಿ, ನಮಗೆಲ್ಲ ಕೇಳುವಂತೆ ಪಿಸುಗುಟ್ಟಿದರು. "ಆ ಕುರ್ಚಿ ಮ್ಯಾಗೆ ಕೂತಾಳಲ್ಲ, ಅವಳೇ ನನ್ನ ಸೊಸೆ. ನಿನ್ನ ಚೀಲ ಮಗ್ಗುಲಾಗೆ ಇಟ್ಕೊ. ಸಂಚಿ ಕದ್ದೋಳು ಅವಳೇ."

"ಅವ್ವಾ, ನಾನು ನಿನ್ನ ಮಗಳು" ಅಂದಳು ನಾದಿನಿ.

"ನೋಡಿದ್ಯಾ, ಹೆಂಗೆ ಮಾತು ತಿರುಗಿಸ್ತಾಳೆ" ಅಂದರು ಅಜ್ಜಿ.

ನಾದಿನಿ ನನ್ನ ಕಡೆ ತಿರುಗಿದಳು. ಫೋನಿನಲ್ಲಿ ಗುಡುಗಿದ್ದ ಹೆಂಗಸು ಇವಳೇನಾ ಅನ್ನಿಸಿತು. "ಇದಕ್ಕೆ ಏನು ಹೇಳಬೇಕ್ರಿ ಈಗ?" ಅಂತ ಮೆಲ್ಲಗೆ ಕೇಳಿದಳು. ನಾನು ಹೇಳುವ ಮೊದಲೇ ಸೊಸೆ ಹೇಳಿದಳು, "ಹೌದು ಅನ್ರಿ." ನಾದಿನಿ ತಲೆ ತಗ್ಗಿಸಿಕೊಂಡು, "ಹೌದವ್ವ, ನಾನೇ ಕದ್ದೆ" ಅಂದಳು. ಕರೆದುಕೊಂಡು ಹೋಗುವ ಮಾತು ಅಲ್ಲಿಗೆ ಮುಗಿಯಿತು.

ಅಜ್ಜಿ ಕೈ ತೊಳೆದು, ಸೊಸೆಯ ಗಲ್ಲ ಹಿಡಿದರು. "ಎಷ್ಟು ಚೆಂದ ಬಡಸ್ತೀಯವ್ವ. ನಂಗೆ ಒಬ್ಬ ಮಗ ಇದಾನೆ. ಅಲ್ಲಿ ಮೊಬೈಲ್ ಹಿಡ್ಕೊಂಡು ನಿಂತಾನಲ್ಲ, ಅವ್ನೇ. ಈಗಿರೋಳನ್ನ ಕಳಿಸಿಬಿಡ್ತೀನಿ. ನೀನು ಬರ್ತೀಯಾ ನಮ್ಮನಿಗೆ?"

ಮಗ ಮೊದಲ ಸಲ ಮೊಬೈಲಿನಿಂದ ತಲೆಯೆತ್ತಿದ. ಸೊಸೆ ಅವನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದಳು. ಅಳು ನಗು ಎರಡೂ ಒಟ್ಟಿಗೆ ಬಂದು, "ಆಗ್ಲಿ ಅತ್ತೆ, ಬರ್ತೀನಿ" ಅಂದಳು.

ಅಜ್ಜಿಯ ಮುಖ ಚಿಕ್ಕದಾಯಿತು. ಮೆಲ್ಲಗೆ ಎದ್ದು ಬಂದು, ನನ್ನ ತೋಳು ಹಿಡಿದು ಜಗಲಿಗೆ ಎಳೆದರು.

"ನೀವು ಊರೂರು ತಿರುಗೋರು. ಸಂತೇಬೆನ್ನೂರಾಗೆ ಇವಳ ಕಡೆ ಸ್ವಲ್ಪ ವಿಚಾರಿಸಿ ಹೇಳ್ರಿ. ನನ್ನ ಮಗನ್ನ ನೋಡಿದ ಮ್ಯಾಲೂ ಇಷ್ಟು ಬೇಗ ಒಪ್ಕೊಂಡ್ಲು ಅಂದ್ರೆ, ಏನೋ ಐತೆ."