ದೊಡ್ಡಪ್ಪನ ಮೈಯಲ್ಲಿ ಹರಿದ ಕರೆಂಟು

ನಮ್ಮ ದೊಡ್ಡಪ್ಪನ ಮೈಯಲ್ಲಿ ಹರಿದಷ್ಟು ಕರೆಂಟು ಆ ಕಾಲಕ್ಕೆ ಕಡೂರಿನ ನಮ್ಮ ಬೀದಿಯ ತಂತಿಗಳಲ್ಲೂ ಹರಿದಿರಲಿಕ್ಕಿಲ್ಲ. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಬೀದಿಯ ತಂತಿಯಲ್ಲಿ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದೊಡ್ಡಪ್ಪನಾದರೋ ಬಸ್ಸು ಹತ್ತಿ, ರೈಲು ಹತ್ತಿ, ಊರೂರು ಹುಡುಕಿಕೊಂಡು ಹೋಗಿ, ಕೇಳಿ ಕೇಳಿ ಹೊಡೆಸಿಕೊಂಡು ಬಂದವರು. ಅಂಥ ಕಾಯಿಲೆ ಏನಿತ್ತಪ್ಪಾ ಅವರಿಗೆ ಎಂದು ನೀವು ಕೇಳಬಹುದು. ಸೋಜಿಗ ಇರುವುದೇ ಅಲ್ಲಿ. ನೋವಿದ್ದದ್ದು ದೊಡ್ಡಮ್ಮನಿಗೆ.

ದೊಡ್ಡಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾಗಿದ್ದರು. ಕಚೇರಿ ಅವರನ್ನು ಬಿಟ್ಟಿತ್ತೇ ಹೊರತು ಅವರು ಕಚೇರಿಯನ್ನು ಬಿಟ್ಟಿರಲಿಲ್ಲ. ನನಗೆ ಬೀರೂರಿನ ಹೈಸ್ಕೂಲಿನಲ್ಲಿ ಟೀಚರ್ ಕೆಲಸ ಸಿಕ್ಕಿ, ಅವರ ಮನೆಯಲ್ಲೇ ಇದ್ದುಕೊಂಡು ಓಡಾಡುತ್ತಿದ್ದುದರಿಂದ ಇದನ್ನೆಲ್ಲ ಕಣ್ಣಾರೆ ಕಂಡಿದ್ದೇನೆ. ಹೊಸದಾಗಿ ತೆರೆದ ಹೋಟೆಲಿನಲ್ಲಿ ದೋಸೆ ಎಲೆಗೆ ಬಿದ್ದಮೇಲೆ, ಮೊದಲು ಲೈಸೆನ್ಸ್ ತೋರಿಸಿ ಎಂದು ಕೈಕಟ್ಟಿ ಕುಳಿತವರು ಅವರು. ಮಾಲೀಕ ಪಾಪ, ಪೆಟ್ಟಿಗೆಯನ್ನೆಲ್ಲ ತಡಕಿ ತಂದು ತೋರಿಸಿದ. "ಕಾಗದ ಸರಿಯಾಗಿದೆ, ದೋಸೆ ತಣ್ಣಗಾಗಿದೆ" ಎಂದು ತೀರ್ಪು ಕೊಟ್ಟು ಎದ್ದರು. ನನ್ನನ್ನು ನೋಡಲು ಬಂದ ವರನ ಹತ್ತಿರ ಹುಟ್ಟಿದ ದಿನಾಂಕದ ದಾಖಲೆ ಕೇಳಿದರು. ನಕಲು ಕೊಟ್ಟರೆ ಆಗದು, ಮೂಲಪ್ರತಿಯೇ ಬೇಕು ಎಂದರು. ಮೂಲಪ್ರತಿ ತರುತ್ತೇನೆಂದು ಹೋದ ಹುಡುಗ ಇನ್ನೂ ಬಂದಿಲ್ಲ.

ಇಂಥವರ ಮನೆಯಲ್ಲಿ ದೊಡ್ಡಮ್ಮನ ಬಲಭುಜ ಹಿಡಿದುಕೊಂಡುಬಿಟ್ಟಿತು. ಕೈ ಎದೆಯ ಮಟ್ಟಕ್ಕಿಂತ ಮೇಲೇಳದು. ಎಣ್ಣೆ ತಿಕ್ಕಿದ್ದಾಯಿತು, ಹುರಿದ ಉಪ್ಪಿನ ಶಾಖ ಕೊಟ್ಟಿದ್ದಾಯಿತು. ರಾತ್ರಿ ಹೊರಳಿದರೆ ಸಾಕು, ನರಳುತ್ತಿದ್ದರು. ಕೊನೆಗೆ ಕಡೂರಿನ ಡಾಕ್ಟರೊಬ್ಬರಿಗೆ ತೋರಿಸಿದೆವು. ಅವರ ಬಾಯಲ್ಲಿ ಸದಾ ಎಲೆಯಡಿಕೆ. ಪರೀಕ್ಷೆ ಮಾಡಿ, ಆ ರಸದ ನಡುವೆಯೇ, ಚಿಕ್ಕಮಗಳೂರಿಗೆ ಹೋಗಿ ಅದೆಂಥದೋ "ವೇವ್" ಕೊಡಿಸಿ ಎಂದರು. ಅವರು ಹೇಳಿದ್ದು ಶಾರ್ಟ್ ವೇವ್. ದೊಡ್ಡಪ್ಪನ ಕಿವಿಗೆ ಬಿದ್ದದ್ದು ಶಾಕ್ ವೇವ್.

ಮನೆಗೆ ಬಂದ ದೊಡ್ಡಪ್ಪನ ಮುಖ ಬಿಳಿಚಿಕೊಂಡಿತ್ತು. "ಶಿವನೇ, ಶಾಕ್ ಕೊಡ್ತಾರಂತೆ ಕಣಮ್ಮ. ಅಲೆ ಅಲೆಯಾಗಿ ಕೊಡ್ತಾರಂತೆ."

ದೊಡ್ಡಮ್ಮ ಹೌಹಾರಿದರು. "ನಾನು ಒಲ್ಲೆ. ಕೈ ಹೀಗೇ ಇರ್ಲಿ. ಸಾಯೋವರೆಗೂ ಹೀಗೇ ಇರ್ಲಿ."

"ಸುಮ್ನಿರು. ಕರೆಂಟು ನಿನ್ನ ಮೈಗೆ ಹೋಗೋ ಮುಂಚೆ ತನಿಖೆ ಆಗುತ್ತೆ. ಕೊಡೋನು ಯಾರು, ಯಾರ ಅಪ್ಪಣೆ ಮೇಲೆ ಕೊಡ್ತಾನೆ, ಎಷ್ಟು ತಗೋತಾನೆ, ಎಲ್ಲಾ ನೋಡ್ತೀನಿ. ಆಮೇಲೆ ಮೊದ್ಲು ನಾನು ಹೊಡಿಸ್ಕೋತೀನಿ."

"ನೀವ್ಯಾಕ್ರೀ ಹೊಡಿಸ್ಕೋಬೇಕು?"

"ಸ್ಥಳ ತನಿಖೆ ಮಾಡ್ದೆ ಯಾರಾದ್ರೂ ವರದಿ ಬರೀತಾರೇನೇ?"

ಚಿಕ್ಕಮಗಳೂರು ದೂರ, ಹತ್ತಿರದಲ್ಲೇ ಏನಿದೆ ನೋಡೋಣ ಎಂದು ಮೊದಲು ತರೀಕೆರೆಗೆ ಹೊರಟರು. ಜೊತೆಗೆ ನಾನು. ಸೈಕಲ್ ಅಂಗಡಿಯ ಮೇಲಿನ ಕೋಣೆಯೊಂದಕ್ಕೆ 'ವಿದ್ಯುತ್ ಚಿಕಿತ್ಸಾಲಯ' ಎಂಬ ಬೋರ್ಡು. ಒಳಗೆ ಹಣೆತುಂಬ ಕುಂಕುಮ ಇಟ್ಟುಕೊಂಡ ವೈದ್ಯ, ಎದುರಿಗೆ ಹಿಡಿ ತಿರುಗಿಸುವ ಒಂದು ಮರದ ಪೆಟ್ಟಿಗೆ, ಅದರಿಂದ ಹೊರಟ ಎರಡು ಹಿತ್ತಾಳೆ ಹಿಡಿಗಳು.

"ಒಂದು ಸಲಕ್ಕೆ ಎಷ್ಟು ಸ್ವಾಮಿ?" ದೊಡ್ಡಪ್ಪ ಕೇಳಿದರು.

"ನೋವು ಎಷ್ಟಿದೆ ಅನ್ನೋದರ ಮೇಲೆ."

"ನೋವೇ ಇಲ್ಲ."

"ಹಾಗಾದ್ರೆ ಜಾಸ್ತಿ ಆಗುತ್ತೆ" ಎಂದ ವೈದ್ಯ. "ನೋವಿಲ್ದೋರಿಗೆ ಕರೆಂಟ್ ಹಿಡಿಯೋದು ಕಷ್ಟ."

ದೊಡ್ಡಪ್ಪ ತಲೆದೂಗಿದರು. ಉತ್ತರದಲ್ಲಿ ಏನೋ ನ್ಯಾಯ ಕಂಡಿರಬೇಕು. ಆಮೇಲೆ, ಚಿಕಿತ್ಸೆ ಕೊಡಲು ಅಪ್ಪಣೆ ಎಲ್ಲಿ ಎಂದು ಕೇಳಿದರು. ವೈದ್ಯ ಗೋಡೆಯತ್ತ ಕೈ ತೋರಿಸಿದ. ಗಾಜಿನ ಚೌಕಟ್ಟಿನೊಳಗೆ ದೊಡ್ಡ ಮೊಹರು ಹೊತ್ತ ಸರ್ಟಿಫಿಕೇಟು. ಹತ್ತಿರ ಹೋಗಿ ಓದಿದೆ. ಹಿಂದಿ ಪರೀಕ್ಷೆಯೊಂದರಲ್ಲಿ ಮೂರನೇ ದರ್ಜೆಯಲ್ಲಿ ಪಾಸಾದದ್ದಕ್ಕೆ ಕೊಟ್ಟದ್ದು.

"ದೊಡ್ಡಪ್ಪ, ಇದು ಹಿಂದಿ ಪರೀಕ್ಷೆದು" ಎಂದು ಪಿಸುಗುಟ್ಟಿದೆ.

ಅಷ್ಟರಲ್ಲಿ ತನಿಖೆ ಬಿಡಬಾರದೆಂದು ಅವರು ಹಿತ್ತಾಳೆ ಹಿಡಿಗಳನ್ನು ಹಿಡಿದಾಗಿತ್ತು. ವೈದ್ಯ ಪೆಟ್ಟಿಗೆಯ ಹಿಡಿ ತಿರುಗಿಸಿದ. ದೊಡ್ಡಪ್ಪನ ಪೇಟ ಮೊದಲು ನಡುಗಿತು, ಆಮೇಲೆ ಮೀಸೆ, ಆಮೇಲೆ ಕುಳಿತಿದ್ದ ಬೆಂಚು. ಬಿಡೋಣವೆಂದರೆ ಕೈ ಬಿಡಿಸಲಾಗದು. ಆ ಸ್ಥಿತಿಯಲ್ಲೂ ಹಲ್ಲು ಕಟಕಟಿಸುತ್ತ ಅವರ ಬಾಯಿಂದ ಬಂದ ಮಾತು, "ರ-ರ-ರಸೀದಿ ಕೊಡ್ತೀರೋ ಇ-ಇಲ್ವೋ?"

ಕೊಡಲಿಲ್ಲ. ತರೀಕೆರೆ ವಜಾ ಆಯಿತು.

ಅಜ್ಜಂಪುರದ್ದು ಪುಕ್ಕಟೆ ಎಂದು ಯಾರೋ ಹೇಳಿದರು. ಬೀರೂರಿನಿಂದ ಪ್ಯಾಸೆಂಜರ್ ರೈಲಿನಲ್ಲಿ ಹೋದೆವು. ಇಲ್ಲಿಯವನು ಕೋಟು ತೊಟ್ಟಿದ್ದ. ಯಂತ್ರವೂ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವಂಥದ್ದು. ಕರೆಂಟು ಪುಕ್ಕಟೆಯೇ. ಆದರೆ ಅದಕ್ಕೆ ಮುಂಚೆ ಹಚ್ಚಬೇಕಾದ ತೈಲ, ಆಮೇಲೆ ನುಂಗಬೇಕಾದ ಲೇಹ್ಯ, ಮಂಡಲ ಮುಗಿಯುವವರೆಗೆ ತೊಡಬೇಕಾದ ತಾಮ್ರದ ಕಡಗ, ಎಲ್ಲವನ್ನೂ ಅವನ ಬಳಿಯೇ ಕೊಳ್ಳಬೇಕು. ಲೆಕ್ಕ ಹಾಕಿದರೆ ಆ ದುಡ್ಡಿಗೆ ಒಂದು ಎಮ್ಮೆ ಬರುತ್ತಿತ್ತು.

"ಹೆಚ್ಚುಕಮ್ಮಿ ಆಗಿ ಯಾರಾದ್ರೂ ಸತ್ತರೆ ಜವಾಬ್ದಾರಿ ಯಾರದು?" ದೊಡ್ಡಪ್ಪ ನೇರವಾಗಿ ಕೇಳಿದರು.

ಕೋಟಿನವನು ಎದೆಯ ಮೇಲೆ ಕೈಯಿಟ್ಟುಕೊಂಡ. "ಇವತ್ತಿನವರೆಗೆ ಒಬ್ಬರೂ ವಾಪಸ್ ಬಂದು ಕೇಳಿಲ್ಲ ಸ್ವಾಮಿ."

ದೊಡ್ಡಪ್ಪ ಭುಜಕ್ಕೆ ಯಂತ್ರದ ಲೋಹದ ತಟ್ಟೆ ಕಟ್ಟಿಸಿಕೊಂಡು ಕುಳಿತರು. ಅವನು ಸ್ವಿಚ್ಚು ಒತ್ತಿದ. ಏನೂ ಆಗಲಿಲ್ಲ. ಊರಿನ ಕರೆಂಟೇ ಹೋಗಿತ್ತು. ನನಗೆ ಜೀವ ಬಂದಂತಾಯಿತು. ಅವನು ಸ್ವಿಚ್ಚು ಆರಿಸುವುದನ್ನು ಮರೆತು ಬೀದಿಯಲ್ಲಿ ನಿಂತು ಬೀಡಿ ಹಚ್ಚಿದ. ದೊಡ್ಡಪ್ಪ ತಟ್ಟೆ ಬಿಚ್ಚದೆ ಅಲ್ಲಿನ ವ್ಯವಸ್ಥೆಯ ಬಗ್ಗೆ ನನಗೆ ವಿವರಿಸುತ್ತಿದ್ದರು. ಆಗ ಕರೆಂಟು ಬಂತು.

ಬೆಂಚು ಒಂದು ಕಡೆ, ದೊಡ್ಡಪ್ಪ ಒಂದು ಕಡೆ. ನಾನು ಕಿರುಚಿದ್ದಕ್ಕೆ ಎದುರು ಅಂಗಡಿಯವರು ಓಡಿ ಬಂದು ಪ್ಲಗ್ಗು ಕಿತ್ತರು. ನೆಲದ ಮೇಲೆ ಬಿದ್ದವರ ಮುಖವೆಲ್ಲ ಬೆವರು. ಎದೆಯನ್ನು ಕೈಯಲ್ಲಿ ಒತ್ತಿ ಹಿಡಿದಿದ್ದರು. ನಾನು ಸೆರಗಿನಿಂದ ಗಾಳಿ ಬೀಸಿದೆ. ಕೊನೆಗೆ ಕಣ್ಣು ತೆರೆದು, "ಅವಳು ಇಲ್ಲಿ ಕೂತಿದ್ರೆ ಏನಾಗ್ತಿತ್ತು ನೋಡ್ದೇನಮ್ಮ" ಎಂದರು. ರೈಲಿನಲ್ಲಿ ಬರುವಾಗ, "ಬಿದ್ದದ್ದು ಮನೇಲಿ ಹೇಳ್ಬೇಡ" ಎಂದಷ್ಟೇ ಹೇಳಿದರು.

ನಾನು ಮನೆಯ ಹೊಸಿಲು ದಾಟುವ ಮೊದಲೇ ಎಲ್ಲವನ್ನೂ ಹೇಳಿದೆ. ದೊಡ್ಡಮ್ಮ ಅಂದು ಅವರಿಗೆ ಊಟ ಬಡಿಸಿ ಅಡಿಗೆಮನೆ ಸೇರಿದರು. ಆಮೇಲೆ ನನ್ನ ಹತ್ತಿರ, "ನಾಳೆ ಚಿಕ್ಕಮಗಳೂರಿಗೆ ಹೋಗಣ ಕಣೇ. ನನ್ನ ಕೈ ಸರಿಹೋಗ್ದೆ ಇದ್ರೆ ಈ ಯಪ್ಪ ಇನ್ನೆಲ್ಲೆಲ್ಲಿ ಹೋಗಿ ಕರೆಂಟ್ ಹಿಡ್ಕಂತಾರೋ" ಎಂದರು.

ಮೂವರೂ ಸಖರಾಯಪಟ್ಟಣದ ಮೇಲೆ ಹೋಗುವ ಬಸ್ಸು ಹಿಡಿದು ಚಿಕ್ಕಮಗಳೂರಿನ ದೊಡ್ಡಾಸ್ಪತ್ರೆ ಸೇರಿದೆವು. ಅಲ್ಲಿದ್ದವರು ಒಬ್ಬ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ದೊಡ್ಡಪ್ಪ ಕೂರುವ ಮೊದಲೇ ಅವರ ನೋಂದಣಿ ಕೇಳಿದರು. ನಾನು ನಾಚಿಕೆಯಿಂದ ಕುಗ್ಗಿ, ಶಾಕ್ ವೇವ್ ಎಂದು ತಿಳಿದು ಅವರು ತರೀಕೆರೆ, ಅಜ್ಜಂಪುರದಲ್ಲಿ ಕರೆಂಟು ಹಿಡಿದು ಬಂದದ್ದನ್ನು ಹೇಳಿದೆ. ಡಾಕ್ಟರು ಬೇಸರ ಮಾಡಿಕೊಳ್ಳದೆ ಡ್ರಾಯರಿನಿಂದ ತೆಗೆದು ತೋರಿಸಿದರು. "ಎಲ್ಲರೂ ಹೀಗೆ ಕೇಳಿದ್ರೆ ಚೆನ್ನಾಗಿರುತ್ತೆ. ಇದು ಶಾಕ್ ಅಲ್ಲ, ಶಾರ್ಟ್ ವೇವ್. ಭುಜ ಒಳಗಿನಿಂದ ಬೆಚ್ಚಗಾಗುತ್ತೆ, ಅಷ್ಟೆ. ಆಮೇಲೆ ವ್ಯಾಯಾಮ ಹೇಳಿಕೊಡ್ತೀನಿ."

"ಖರ್ಚು?"

"ಹೊರಗೆ ಕಾಸು ಕೊಟ್ಟು ಚೀಟಿ ಮಾಡಿಸಿದ್ರಲ್ಲ, ಅಷ್ಟೇ."

ದೊಡ್ಡಪ್ಪನಿಗೆ ಅಜ್ಜಂಪುರದಲ್ಲೂ ಇಷ್ಟು ದೊಡ್ಡ ಶಾಕ್ ಹೊಡೆದಿರಲಿಲ್ಲ. ಸಾವರಿಸಿಕೊಂಡು, "ಮೊದ್ಲು ನನಗೆ ಹಾಕಿ ನೋಡಿ" ಎಂದು ಅಂಗಿಯ ಗುಂಡಿ ಬಿಚ್ಚತೊಡಗಿದರು. ಬೇಡವೆಂದರೂ ಕೇಳಲಿಲ್ಲ. ಡಾಕ್ಟರು ನಗುತ್ತಲೇ ನಾಡಿ ಹಿಡಿದರು. ನಗು ನಿಂತಿತು. ಸ್ಟೆತಾಸ್ಕೋಪು ತೆಗೆದು ಎದೆಯ ಮೇಲೆ, ಬೆನ್ನ ಮೇಲೆ ಇಟ್ಟು ಬಹಳ ಹೊತ್ತು ಕೇಳಿದರು.

"ನಿಮ್ಮ ಹೃದಯದ ಬಡಿತ ಸರಿಯಿಲ್ಲ. ಯಾರಾದ್ರೂ ಮೊದಲೇ ಹೇಳಿದ್ರಾ?"

ದೊಡ್ಡಪ್ಪ ಬಟ್ಟೆಯ ಪರದೆಯತ್ತ ನೋಡಿದರು. ಅದರಾಚೆ ದೊಡ್ಡಮ್ಮ ಆಗಲೇ ಹೋಗಿ ಯಂತ್ರದ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. "ಹೇಳಿದಾರೆ. ಸ್ವಲ್ಪ ಮೆಲ್ಲಗೆ ಮಾತಾಡಿ ತಾಯಿ."

"ಗೊತ್ತಿದ್ದೂ ಕಂಡಕಂಡಲ್ಲಿ ಕರೆಂಟ್ ಹಿಡ್ಕೊಂಡ್ರಾ? ಜೀವ ಹೋಗ್ತಿತ್ತಲ್ಲ."

"ಅವಳು ಹೆದರ್ತಾಳೆ. ನಾನು ಹಿಡ್ಕೊಂಡು ಏನೂ ಆಗಿಲ್ಲ ಅಂತ ತೋರಿಸಿದ್ರೆ ಕೂತ್ಕೋತಾಳೆ. ಅದಕ್ಕೆ."

ನಾನು ಗೋಡೆಗೆ ಒರಗಿ ನಿಂತೆ. ಇಷ್ಟು ದಿನ ಬೀರೂರಿನ ಸ್ಟಾಫ್ ರೂಮಿನಲ್ಲಿ ಈ ಮನುಷ್ಯನ ಕಥೆ ಹೇಳಿ ಎಲ್ಲರನ್ನೂ ನಗಿಸಿದ್ದೆ. ಡಾಕ್ಟರು ಪರದೆ ಸರಿಸಿದರು. ದೊಡ್ಡಮ್ಮನ ಮುಖ ನೋಡಿದರೆ ಎಲ್ಲವೂ ಕೇಳಿಸಿತ್ತು ಎಂದು ಗೊತ್ತಾಗುತ್ತಿತ್ತು. ಅವರು ಅಳಲಿಲ್ಲ, ಬೈಯಲೂ ಇಲ್ಲ. "ಹಚ್ಚಮ್ಮ ನಿನ್ನ ಮಿಷಿನ್ನು. ನನಗೇನೂ ಹೆದ್ರಿಕೆಯಿಲ್ಲ" ಎಂದರು.

ಯಂತ್ರ ಗುಂಯ್‌ಗುಡತೊಡಗಿತು. ದೊಡ್ಡಪ್ಪ ಪಕ್ಕದ ಸ್ಟೂಲಿನ ಮೇಲೆ, ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನೂ ಮರೆತು, ತಲೆ ತಗ್ಗಿಸಿ ಕುಳಿತಿದ್ದರು. ದೊಡ್ಡಮ್ಮ ಎಡಗೈ ಚಾಚಿ ಅವರ ಕೈಯನ್ನು ಹಿಡಿದುಕೊಂಡರು. ನಮ್ಮ ಮನೆಯಲ್ಲಿ ಅವರಿಬ್ಬರು ಹಾಗೆ ಕೈ ಹಿಡಿದದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಅಮ್ಮ, ಮೆಷಿನ್ ನಡೆಯುವಾಗ ಯಾರನ್ನೂ ಮುಟ್ಟಬಾರದು" ಎಂದರು ಡಾಕ್ಟರು.

ದೊಡ್ಡಮ್ಮ ಕೈ ಬಿಡಲಿಲ್ಲ. "ಹಂಗಾದ್ರೆ ಒಂಚೂರು ಹೊತ್ತು ಮಿಷಿನ್ನು ಆರ್ಸು ತಾಯಿ."