ಮಾರಿದ ಕಾರಿನ ಕೈ ಬಿಡದ ಬಸವರಾಜಪ್ಪನವರಿಗೆ

ಚನ್ನಗಿರಿಯ ಹಿರಿಯ ಅಡಿಕೆ ವರ್ತಕರೂ, ಕಳೆದ ಆಗಸ್ಟ್‌ವರೆಗೆ ಒಂದು ಬಿಳಿ ಕಾರಿನ ಒಡೆಯರೂ, ಆಗಸ್ಟ್‌ನಿಂದೀಚೆಗೆ ಕಾಗದದ ಮೇಲೆ ಮಾತ್ರ ಒಡೆಯರಲ್ಲದವರೂ ಆದ ಮಾನ್ಯ ಬಸವರಾಜಪ್ಪನವರಿಗೆ, ಜಗಳೂರು ತಾಲ್ಲೂಕು ಬಿಳಿಚೋಡಿನ ತಿಪ್ಪೇರುದ್ರಸ್ವಾಮಿ ಮಾಡುವ ಅನಂತ ನಮಸ್ಕಾರಗಳು. ತಮ್ಮ ಎಡ ಮೊಣಕಾಲು ಈಗ ಹೇಗಿದೆ ಎಂದು ಮೊದಲು ವಿಚಾರಿಸಿ, ಆಮೇಲೆ ದೂರಿಗೆ ಇಳಿಯುವುದು ಮರ್ಯಾದಸ್ಥರ ಕ್ರಮವಾದ್ದರಿಂದ, ವಿಚಾರಿಸಿದ್ದೇನೆ. ಇನ್ನು ದೂರು.

ಮಾನ್ಯರೇ, ಇಪ್ಪತ್ತೆರಡು ವರ್ಷಗಳಿಂದ ಜಗಳೂರಿನಲ್ಲಿ ಒಂದು ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಬೇರೆಯವರ ಅರ್ಜಿಗಳನ್ನು ಬರೆದುಕೊಡುವುದು ನನ್ನ ಕಸುಬೆಂಬುದು ತಮಗೆ ತಿಳಿದಿದೆ. ಜಮೀನಿನ ಪೋಡಿ, ಪಿಂಚಣಿ, ದಾರಿ ತಕರಾರು, ಪಕ್ಕದ ಮನೆಯವರ ಕೋಳಿ, ಹೀಗೆ ಊರಿನ ಸಮಸ್ತ ಸಂಕಟಗಳೂ ನನ್ನ ಪೆನ್ನಿನ ತುದಿಯಿಂದಲೇ ಹಾದುಹೋಗಿವೆ. ಆದರೆ ನನ್ನದೇ ಎನ್ನುವ ಒಂದು ದೂರನ್ನು ಬರೆಯುವ ಭಾಗ್ಯ ಈವರೆಗೆ ಬಂದಿರಲಿಲ್ಲ. ಅದನ್ನು ಒದಗಿಸಿಕೊಟ್ಟ ತಮಗೆ ಋಣಿಯಾಗಿದ್ದೇನೆ. ಹಳೆಯ ಕಾರು ಕೊಳ್ಳಲು ಹೊರಟಿರುವ ನಮ್ಮ ಸುತ್ತಿನ ತಾಲ್ಲೂಕುಗಳ ಮಹಾಜನರಿಗೆ, ಕಾರಿನ ಜೊತೆಯಲ್ಲಿ ಇನ್ನೇನೇನು ಮನೆಗೆ ಬರಬಹುದೆಂಬ ಎಚ್ಚರವಿರಲಿ ಎಂಬ ಕಾರಣಕ್ಕೆ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಕಾರು ಬೇಕೆಂದವನು ನಾನಲ್ಲ. ಮಗಳು ಚೈತ್ರಶ್ರೀ ಪಿಯುಸಿ ಮುಗಿಸುವ ವರ್ಷವಾದ್ದರಿಂದ ದಾವಣಗೆರೆಗೆ ಓಡಾಟ ಹೆಚ್ಚಿತ್ತು. ಅಂಗನವಾಡಿ ನಡೆಸುವ ನನ್ನ ಹೆಂಡತಿ ಅಂಜಿನಮ್ಮ ಬಸ್ಸಿಗೆ ಕಾದು ಕಾದು ಬೇಸತ್ತಿದ್ದಳು. ಚಿಕ್ಕದೊಂದು ಕಾರು ಸಾಕೆಂದು ನಾನು ಹೇಳಿದಾಗ ನನ್ನ ತಾಯಿ ಗಾದ್ರಮ್ಮ ತಡೆದಳು. "ಡಿಕ್ಕಿ ಇಲ್ದಿರೋದು ಕಾರಲ್ಲ ಕಣಪ್ಪ, ಬಾಗ್ಲು ಹಾಕಿರೋ ಆಟೋ ಅದು. ಕೊಂಡ್ರೆ ಹಿಂದೆ ಉದ್ದಕ್ಕೆ ಡಿಕ್ಕಿ ಇರೋದು ಕೊಳ್ಳು, ಇಲ್ಲಾಂದ್ರೆ ನಾನು ಬಸ್ಸಿಗೇ ಬರ್ತೀನಿ" ಎಂದಳು. ಆದ್ದರಿಂದ ನಾವು ಉದ್ದಕ್ಕೆ ಡಿಕ್ಕಿ ಇರುವುದನ್ನು ಹುಡುಕುತ್ತ ಹೊರಟೆವು.

ಹೊನ್ನಾಳಿಯಲ್ಲಿ ನೋಡಿದ ಕಾರಿನೊಳಗೆ ಎಂಥದೋ ತಂಪು. ಮಾರುವವರು "ಏಸಿ ಅಷ್ಟು ಚೆನ್ನಾಗೈತೆ" ಎಂದರು. ಅಂಜಿನಮ್ಮ ಕಾಲಡಿಯ ಚಾಪೆ ಎತ್ತಿ ಒಂದು ಬೊಗಸೆ ಹೊಳೆಯ ಮರಳನ್ನು ಹೊರಗೆ ತೆಗೆದಳು. ಕಾರು ಒಂದು ಮಳೆಗಾಲವನ್ನು ನೀರೊಳಗೆ ಕಳೆದಿತ್ತು. ನ್ಯಾಮತಿಯಲ್ಲಿ ಕಂಡದ್ದಕ್ಕೆ ನಾಲ್ಕು ಬಾಗಿಲು, ನಾಲ್ಕು ಬಗೆಯ ಬಿಳುಪು. "ಬಿಸಿಲಿಗೆ ಹಂಗೆ ಕಾಣ್ತೈತೆ" ಎಂದು ಅದರ ಒಡೆಯರು ಸಮಾಧಾನ ಹೇಳಿದರು. ನೆರಳಿಗೆ ತಂದಾಗ ಐದನೆಯ ಬಗೆ ಕಂಡಿತು. ಹೀಗೆ ಅಲೆದು ಸುಸ್ತಾಗಿದ್ದ ನಮಗೆ ಯಾರೋ ಪುಣ್ಯಾತ್ಮರು ಮಾನ್ಯರಾದ ತಮ್ಮ ವಿಳಾಸ ಕೊಟ್ಟರು.

ಬೇರೆಡೆ ಕೊಳ್ಳುವವರು ಕಾರನ್ನು ಪರೀಕ್ಷಿಸುತ್ತಾರೆ. ಚನ್ನಗಿರಿಯ ತಮ್ಮ ಅಂಗಳದಲ್ಲಿ ಕಾರು ನೆಮ್ಮದಿಯಾಗಿ ಹೊದಿಕೆಯ ಕೆಳಗಿತ್ತು, ಪರೀಕ್ಷೆ ನಡೆದದ್ದು ನನಗೆ. ಮನೆಯ ಮುಂದೆ ನೆರಳಿದೆಯೇ, ಯಾವ ಮರದ ನೆರಳು, ಆ ಮರದಲ್ಲಿ ಹಕ್ಕಿಗಳು ಕೂರುತ್ತವೆಯೇ ಎಂದೆಲ್ಲ ಕೇಳಿದಿರಿ. ಆಮೇಲೆ ದನಿ ತಗ್ಗಿಸಿ, "ಎಲೆ ಅಡಿಕೆ ಹಾಕ್ತೀರೇನ್ರಿ?" ಎಂದಿರಿ. ಅಡಿಕೆ ವರ್ತಕರ ಮನಸ್ಸನ್ನು ಗೆಲ್ಲುವ ಆಸೆಯಿಂದ ನಾನು ದಿನಕ್ಕೆ ನಾಲ್ಕು ಸಲ ಹಾಕುತ್ತೇನೆಂದು ಹೆಮ್ಮೆಯಿಂದ ಹೇಳಿಬಿಟ್ಟೆ. ತಮ್ಮ ಮುಖ ಕಪ್ಪಿಟ್ಟಿತು. "ಹಂಗಾರೆ ಕಿಟಕಿಯಿಂದ ಉಗೀತೀರಿ. ಇನ್ನೊಂದು ವಾರ ಬಿಟ್ಟು ಬರ್ರಿ, ನೋಡಾನ" ಎಂದು ಎದ್ದು ಒಳಗೆ ಹೋದಿರಿ.

ಮೂರನೆಯ ಭೇಟಿಯಲ್ಲಿ ನನ್ನನ್ನು ಕಾಪಾಡಿದವರು ತಮ್ಮ ಶ್ರೀಮತಿ ಶಂಕ್ರಮ್ಮನವರು. ಕ್ಲಚ್ ತುಳಿದು ತುಳಿದು ತಮ್ಮ ಮೊಣಕಾಲು ಸವೆದಿದೆಯೆಂದೂ, ಇನ್ನು ಕಾರು ಮುಟ್ಟಕೂಡದೆಂದೂ ಡಾಕ್ಟರು ಹೇಳಿ ವರ್ಷವಾಗಿತ್ತಂತೆ. "ಬಂದೋರಿಗೆಲ್ಲ ಒಂದೊಂದು ನೆವ ಹೇಳಿ ಕಳಿಸ್ತಾರೆ ಇವರು. ಈ ಮನ್ಯಾಗೆ ಕಾರು ಇರಬೇಕು, ಇಲ್ಲ ನಾನಿರಬೇಕು. ತಗಳ್ರಿ ಅತ್ಲಾಗೆ" ಎಂದು ಕೀಲಿಕೈಯನ್ನು ಅವರೇ ತಂದು ನನ್ನ ಅಂಗೈಯಲ್ಲಿಟ್ಟರು. ವರ್ಗಾವಣೆಯ ಕಾಗದಗಳನ್ನು ನಾನೇ ನನ್ನ ದುಂಡಗಿನ ಅಕ್ಷರದಲ್ಲಿ ತುಂಬಿದೆ. ತಾವು ಸಹಿ ಹಾಕುವಾಗ ಪೆನ್ನು ಮೂರು ಸಲ ನಿಂತದ್ದನ್ನು ಕಂಡು, ಶಾಯಿ ಮುಗಿದಿದೆಯೆಂದು ತಿಳಿದ ನನ್ನ ದಡ್ಡತನವನ್ನು ಮನ್ನಿಸಬೇಕು.

ಆ ಸಂಜೆಯೇ ತಮ್ಮ ಫೋನು ಬಂತು. "ಮುಟ್ಟಿದ್ರಾ?" ಎಂದಿರಿ. ನಾವೆಲ್ಲ ಕ್ಷೇಮವಾಗಿ ಊರು ಸೇರಿದೆವೆಂದು ನಾನು ಹೇಳಲು, "ನೀವಿರಲಿ ಸ್ವಾಮಿಯೋರೇ, ಕಾರು ಬಿಸಿ ಆಗಿತ್ತಾ ಅದು ಹೇಳ್ರಿ" ಎಂದಿರಿ. ನನ್ನ ಸ್ವಂತ ಭಾವಮೈದುನರು ವರ್ಷಕ್ಕೊಮ್ಮೆ ಯುಗಾದಿಗೆ ಫೋನು ಮಾಡಿದರೆ ಹೆಚ್ಚು. ತಾವಾದರೋ ದಿನಕ್ಕೆ ಎರಡು ಬಾರಿಯಂತೆ ಟೈರಿನ ಗಾಳಿ, ರೇಡಿಯೇಟರಿನ ನೀರು, ವೈಪರಿನ ರಬ್ಬರು, ಇವುಗಳ ಯೋಗಕ್ಷೇಮವನ್ನು ತಪ್ಪದೆ ವಿಚಾರಿಸಿದಿರಿ. ಇಂಥ ಅಂತಃಕರಣ ಯಾವ ಹೊಸ ಕಾರಿನ ಕಂಪನಿಯವರಲ್ಲಿ ಸಿಕ್ಕೀತು?

ತಿಂಗಳು ತುಂಬುವ ಹೊತ್ತಿಗೆ ಫೋನು ಸಾಲದೆಂದು, ಆ ಮೊಣಕಾಲಿನಲ್ಲೇ ಎರಡು ಬಸ್ಸು ಬದಲಿಸಿ, ಒಂದು ಭಾನುವಾರ ಬೆಳಿಗ್ಗೆ ಬಿಳಿಚೋಡಿನ ನಮ್ಮ ಬೀದಿಯಲ್ಲಿ ತಾವೇ ಪ್ರತ್ಯಕ್ಷರಾದಿರಿ. ಒಳಗೆ ಬನ್ನಿ ಎಂದರೂ ಬಾರದೆ, ಕಾರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ಟಿನ ಮುಂದೆ ನಿಂತುಬಿಟ್ಟಿರಿ. ಅಲ್ಲಿ ಎದುರು ಮನೆಯ ಕರಿಯಕ್ಕನ ಮೇಕೆ ನಿಂತಿತ್ತು. ಬಾನೆಟ್ಟಿನ ಮುಂದೆ ಅಲ್ಲ, ಮೇಲೆ.

"ಮೇಕೆ ಕಟ್ಟಿ ಹಾಕಾಕೆ ಏನಮ್ಮಾ ಕಷ್ಟ?" ಎಂದು ತಾವು ಕೂಗಿದಿರಿ.

ಕರಿಯಕ್ಕ ಕೈಯಲ್ಲಿದ್ದ ಪೊರಕೆಯನ್ನೂ ಕೆಳಗಿಡದೆ, "ಅದು ಹುಟ್ಟಿ ಬೆಳೆದಿದ್ದು ಇದೇ ಬೀದಿಯಾಗೆ ಸಾವ್ಕಾರ್ರೇ. ನಿಮ್ಮ ಕಾರು ಬಂದು ತಿಂಗಳಾತು. ಯಾವುದನ್ನ ಕಟ್ಟಿ ಹಾಕಬೇಕು ನೀವೇ ಹೇಳ್ರಿ" ಎಂದಳು. ನಾಲ್ಕು ಜನರೆದುರು ವ್ಯಾಪಾರ ಕುದುರಿಸುವ ತಾವು ಕರವಸ್ತ್ರ ತೆಗೆದು ಬಾನೆಟ್ಟಿನ ಮೇಲಿನ ಗೊರಸಿನ ಗುರುತುಗಳನ್ನು ಒರೆಸತೊಡಗಿದಿರಿ.

ಆ ದಿನ ಇನ್ನೊಂದು ಸತ್ಯವೂ ಬಯಲಾಯಿತು. ನನ್ನ ಲೈಸೆನ್ಸಿಗೆ ಹದಿನೈದು ವರ್ಷ ವಯಸ್ಸು, ನನ್ನ ಡ್ರೈವಿಂಗಿಗೆ ಹದಿನೈದು ದಿನ. ಚನ್ನಗಿರಿಯಿಂದ ಕಾರನ್ನು ತಂದದ್ದೇ ಬಾಡಿಗೆಯ ಡ್ರೈವರು. ತಮ್ಮನ್ನು ಬಸ್‌ಸ್ಟಾಪಿಗೆ ಬಿಟ್ಟುಬರುವ ಉತ್ಸಾಹದಲ್ಲಿ ನಾನು ಸ್ಟೇರಿಂಗ್ ಹಿಡಿದೆ. ಅಷ್ಟು ದೂರಕ್ಕೆ ಗಾಡಿ ಏಳು ಸಲ ಆಫ್ ಆಯಿತು. ತಾವು ಬಸ್ಸು ಹತ್ತಲಿಲ್ಲ. "ಮುಂದಿನ ಭಾನುವಾರದಿಂದ ನಾನೇ ಬರ್ತೀನಿ. ಕಲಿಸದೆ ಬಿಡಾಕಿಲ್ಲ. ಇದು ನಿಮಗಾಗಿ ಅಲ್ಲ, ಕ್ಲಚ್ ಪ್ಲೇಟಿಗಾಗಿ" ಎಂದು ಅಪ್ಪಣೆ ಮಾಡಿದ ಮೇಲೆಯೇ ಮುಂದಿನ ಬಸ್ಸಿಗೆ ಹೊರಟಿರಿ.

ಅಂದಿನಿಂದ ಆರು ಭಾನುವಾರ ತಾವು ನನ್ನ ಪಕ್ಕದಲ್ಲಿ ಕುಳಿತು ಮಾಡಿದ ಪಾಠವನ್ನು ಕೇಳಿದ ನಮ್ಮೂರ ಶಾಲೆಯ ಮೈದಾನದ ಗೋಡೆಗಳೂ ಇಷ್ಟು ಹೊತ್ತಿಗೆ ಲೈಸೆನ್ಸ್ ಪಡೆಯಬಹುದಿತ್ತು. ನಾನು ಕಲಿಯಲಿಲ್ಲ. ಕಲಿತವಳು, ಬಿಸಿಲಿಗೆ ಹಿಂದಿನ ಸೀಟಿನಲ್ಲಿ ಸುಮ್ಮನೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಅಂಜಿನಮ್ಮ. ಏಳನೆಯ ಭಾನುವಾರ ನಾನು ಗೋಲ್‌ಪೋಸ್ಟಿನ ಕಡೆಗೆ ಕುಲುಕುತ್ತ ನುಗ್ಗಿ, ತಾವು ಹ್ಯಾಂಡ್‌ಬ್ರೇಕ್ ಎಳೆದು, ಇಬ್ಬರೂ ಬೆವರುತ್ತ ಕುಳಿತಿದ್ದಾಗ ಅವಳು ಹಿಂದಿನಿಂದ ಮೆಲ್ಲಗೆ, "ಮೂರನೇ ಗೇರ್‌ನಾಗೇ ಹೊಂಟ್ರಲ್ರೀ, ಮೊದಲ್ನೇದಕ್ಕೆ ಹಾಕಿರಲೇ ಇಲ್ಲ" ಎಂದಳು.

ತಾವು ತಿರುಗಿ ಅವಳನ್ನು ನೋಡಿದಿರಿ. ಆಮೇಲೆ ನನ್ನನ್ನು ನೋಡಿದಿರಿ. "ನೀವು ಇಳೀರಿ. ತಂಗಿ, ನೀವು ಬರ್ರಿ ಮುಂದೆ" ಎಂದಿರಿ.

ಅವಳು ಮೈದಾನಕ್ಕೆ ಮೂರು ಸುತ್ತು ಹೊಡೆದಳು. ಮೊದಲನೆಯದರಲ್ಲಿ ಒಮ್ಮೆ ಆಫ್ ಆಯಿತು, ಎರಡನೆಯದರಲ್ಲಿ ಆಗಲಿಲ್ಲ, ಮೂರನೆಯದರಲ್ಲಿ ತಾವು ಹ್ಯಾಂಡ್‌ಬ್ರೇಕಿನ ಮೇಲಿಟ್ಟಿದ್ದ ಕೈಯನ್ನು ತೆಗೆದಿರಿ. ಮೈದಾನದ ಅಂಚಿನಲ್ಲಿ ಅವರೆಕಾಯಿಯ ಪಾತ್ರೆ ಹಿಡಿದು ನಿಂತಿದ್ದ ನಾನು ಉಳಿದ ಕಾಯಿಗಳನ್ನು ಸುಲಿದು ಮುಗಿಸಿದೆ.

ಜನವರಿಯಲ್ಲಿ ಅಂಜಿನಮ್ಮ ಲೈಸೆನ್ಸ್ ಪರೀಕ್ಷೆಯನ್ನು ಮೊದಲ ಸಲಕ್ಕೇ ಪಾಸು ಮಾಡಿದಳು. ಆದರೂ ಮಾನ್ಯರೇ, ಮನೆಯ ಯಜಮಾನನೆಂಬ ಹುದ್ದೆ ನನ್ನದೇ ಅಲ್ಲವೇ? ಏಪ್ರಿಲ್‌ನಲ್ಲಿ ಚೈತ್ರಶ್ರೀಯ ಸಿಇಟಿ ಪರೀಕ್ಷೆಯ ದಿನ ದಾವಣಗೆರೆಗೆ ಕಾರನ್ನು ನಾನೇ ಒಯ್ಯುವೆನೆಂದು ಹಟ ಹಿಡಿದೆ. ಅವ್ವ ತೆಂಗಿನಕಾಯಿ ಒಡೆದು ಹಿಂದೆ ಹತ್ತಿದಳು, ಅಂಜಿನಮ್ಮ ಅವಳ ಪಕ್ಕ ಕುಳಿತಳು, ಮಗಳು ಹಾಲ್ ಟಿಕೆಟ್ಟನ್ನು ಮತ್ತೆ ಮತ್ತೆ ನೋಡಿಕೊಳ್ಳುತ್ತ ನನ್ನ ಪಕ್ಕದಲ್ಲಿದ್ದಳು. ಬಯಲಿನ ರಸ್ತೆಯಲ್ಲಿ ನಾನು ಅಮೋಘವಾಗಿಯೇ ಓಡಿಸಿದೆ. ದಾವಣಗೆರೆಯ ಒಳಗೆ, ರೈಲ್ವೆ ಕೆಳಸೇತುವೆಯಿಂದ ಮೇಲೆ ಹತ್ತುವ ಏರಿನಲ್ಲಿ ಮುಂದಿನ ಬಸ್ಸು ನಿಂತಿತು, ನಾನೂ ನಿಂತೆ. ಬಸ್ಸು ಹೊರಟಿತು. ನಾನು ಹೊರಡಲಿಲ್ಲ.

ಒಂದು ಸಲ, ಎರಡು ಸಲ, ನಾಲ್ಕು ಸಲ. ಪ್ರತಿ ಸಲವೂ ಕಾರು ಒಂದು ಗೇಣು ಹಿಂದಕ್ಕೇ ಜಾರಿತು. ಹಿಂದಿನಿಂದ ಲಾರಿ, ಆಟೋ, ಶಾಲಾ ವ್ಯಾನುಗಳ ಹಾರನ್ನು. ಚೈತ್ರಶ್ರೀ ಗಡಿಯಾರ ನೋಡಿ, "ಅಪ್ಪಾ, ಗೇಟು ಹಾಕಿಬಿಡ್ತಾರೆ" ಎಂದಳು. ಇಪ್ಪತ್ತೆರಡು ವರ್ಷ ಪರರ ಕಷ್ಟವನ್ನು ಒಂದು ಪುಟದಲ್ಲಿ ಬರೆದು ಮುಗಿಸಿದವನು ನಾನು ಐದನೆಯ ಸಲ ಕೀಲಿ ತಿರುಗಿಸಿದೆ.

ಹಿಂದಿನ ಬಾಗಿಲು ತೆರೆಯಿತು. ಅಂಜಿನಮ್ಮ ಇಳಿದು ಬಂದು, ನನ್ನ ಕಿಟಕಿಯ ಬಳಿ ಬಗ್ಗಿ, "ಬ್ರೇಕು ಬಿಡಬ್ಯಾಡ್ರಿ. ಹ್ಯಾಂಡ್‌ಬ್ರೇಕು ಹಾಕ್ರಿ. ಈಗ ಇಳೀರಿ" ಎಂದಳು. ಬೈದಿದ್ದರೆ ನಾನು ಇಳಿಯುತ್ತಿರಲಿಲ್ಲವೇನೋ. ಮಗುವಿಗೆ ಅಂಗಿಯ ಗುಂಡಿ ಹಾಕುವಾಗ ಮಾತಾಡುವಂತೆ ಹೇಳಿದಳು, ಇಳಿದೆ. ನಾನು ಹಿಂದೆ ಅವ್ವನ ಪಕ್ಕ ತೂರಿಕೊಳ್ಳುವಷ್ಟರಲ್ಲಿ ಕಾರು ಏರಿನ ಮೇಲಿತ್ತು. ಮುಂದಿನ ಕನ್ನಡಿಯಲ್ಲಿ ಅವಳ ಕಣ್ಣು ಕಾಣುತ್ತಿತ್ತು. ರಸ್ತೆಯನ್ನಲ್ಲದೆ ಬೇರೇನನ್ನೂ ನೋಡುತ್ತಿರಲಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಅವಳ ಮುಖದಲ್ಲಿ ಆ ಕಳೆಯನ್ನು ನಾನು ಕಂಡಿರಲಿಲ್ಲ. ಕಾಣುವ ಹಾಗೆ ಒಂದು ಸಂದರ್ಭವನ್ನು ನಾನೂ ಒದಗಿಸಿರಲಿಲ್ಲ ಎಂಬುದು ಬೇರೆ ಮಾತು. ಅವ್ವ ನನ್ನ ಮೊಣಕಾಲು ತಟ್ಟಿ, "ಇಲ್ಲಿ ಗಾಳಿ ಚೆನ್ನಾಗಿ ಬರ್ತೈತೆ ಕಣಪ್ಪ" ಎಂದಳು.

ಗೇಟು ಮುಚ್ಚಲು ಹನ್ನೆರಡು ನಿಮಿಷ ಇರುವಾಗ ಕಾಲೇಜು ತಲುಪಿದೆವು. ಚೈತ್ರಶ್ರೀ ಅವಳಮ್ಮನ ಕೈ ಒತ್ತಿ ಒಳಗೆ ಓಡಿದಳು. ಬೇಡವೆಂದರೂ ಚನ್ನಗಿರಿಯಿಂದ ಮೊದಲ ಬಸ್ಸಿಗೆ ಬಂದು ತಾವು ಅಲ್ಲಿ ಮರದ ಕೆಳಗೆ ನಿಂತಿದ್ದಿರಿ. ಎರಡು ವ್ಯಾನುಗಳ ನಡುವಿನ ಸಂದಿಗೆ ಅಂಜಿನಮ್ಮ ರಿವರ್ಸಿನಲ್ಲಿ ಒಂದೇ ಸಲಕ್ಕೆ ಕಾರು ನಿಲ್ಲಿಸಿದ್ದನ್ನು ನೋಡಿದಿರಿ. "ನಲವತ್ತು ವರ್ಷ ಸ್ಟೇರಿಂಗ್ ಹಿಡಿದೀನಿ ತಂಗಿ, ಒಂದೇ ಸರ್ತಿಗೆ ಹಿಂಗೆ ನಾನು ಯಾವತ್ತೂ ಹಾಕಿಲ್ಲ" ಎಂದಿರಿ. ಆಮೇಲೆ ಅಂಗಿಯ ಜೇಬಿನಿಂದ ಒಂದು ಕೀಲಿಕೈ ತೆಗೆದಿರಿ. ಕಾರಿಗೆ ಎರಡು ಕೀಲಿಕೈ ಇರುತ್ತವೆಂಬುದು, ಎಲ್ಲ ಕಾಗದಗಳನ್ನೂ ತುಂಬಿದ ಈ ಅರ್ಜಿ ಬರಹಗಾರನಿಗೆ ಅಂದು ಹೊಳೆಯಿತು. "ಇದನ್ನ ಕೊಡಾಕೆ ಮನಸು ಬಂದಿರಲಿಲ್ಲ. ಈಗ ತಗಳ್ರಿ" ಎಂದಿರಿ. ನಾನು ಕೈ ಚಾಚಿದೆ. ತಮ್ಮ ಕೈ ನನ್ನ ಕೈಯನ್ನು ದಾಟಿ ಮುಂದೆ ಹೋಯಿತು.

ಇದೇ, ಮಾನ್ಯರೇ, ನನ್ನ ದೂರು. ನನ್ನ ಹೆಸರಿನಲ್ಲಿ ನೋಂದಣಿಯಾದ ಕಾರಿನ ಎರಡೂ ಕೀಲಿಕೈ ಈಗ ಅಂಜಿನಮ್ಮನ ಸೆರಗಿನ ಗಂಟಿನಲ್ಲಿವೆ. ಬೆಳಿಗ್ಗೆ ಅವಳು ನನ್ನನ್ನು ಬೇವಿನ ಮರದ ಹತ್ತಿರ ಇಳಿಸಿ, "ಹುಷಾರು, ನೋಡ್ಕಂಡು ರಸ್ತೆ ದಾಟ್ರಿ" ಎಂದು ಹೇಳಿಹೋಗುತ್ತಾಳೆ. ಅರ್ಜಿ ಬರೆಸಲು ಕುಳಿತವರೆಲ್ಲ ಕೇಳಿಸಿಕೊಳ್ಳುತ್ತಾರೆ. ಆ ಕರಿಯಕ್ಕ ಕೂಡ ತನಗೂ ಕಲಿಸೆಂದು ಅವಳ ಬೆನ್ನು ಬಿದ್ದಿದ್ದಾಳೆ. ಆದ್ದರಿಂದ ತಾವು ದಯಮಾಡಿ ನನ್ನ ಹೆಂಡತಿ ರಿವರ್ಸ್ ಹಾಕುವುದನ್ನು ಮರೆಯುವಂತೆ ಮಾಡಬೇಕು. ಆ ಕೆಳಸೇತುವೆಯ ಏರನ್ನು ಏಪ್ರಿಲ್‌ಗೆ ಮುಂಚಿನ ದಿನಾಂಕದಿಂದ ಅನ್ವಯವಾಗುವಂತೆ ಸಮತಟ್ಟು ಮಾಡಿಸಬೇಕು. ಇವೆರಡೂ ಆಗದಿದ್ದರೆ, ಪಾಠ ಮುಗಿದ ಮೇಲೂ ತಾವು ತಪ್ಪಿಸದ ಭಾನುವಾರದ ಊಟಕ್ಕೆ ಬರುವುದನ್ನಾದರೂ ನಿಲ್ಲಿಸಬಾರದು, ಏಕೆಂದರೆ ತಾವು ಬಂದ ದಿನ ಮಾತ್ರ ಅವ್ವ ನನಗೂ ಎರಡನೆಯ ಹೋಳಿಗೆ ಬಡಿಸುತ್ತಾಳೆ.

ಇಂತು, ತಮ್ಮ ವಿಶ್ವಾಸಿಯೂ, ತಮ್ಮ ಹಿಂದಿನ ಕಾರಿನ ಹಿಂದಿನ ಸೀಟಿನ ಖಾಯಂ ನಿವಾಸಿಯೂ ಆದ,
ತಿಪ್ಪೇರುದ್ರಸ್ವಾಮಿ
ಬಿಳಿಚೋಡು

ಮರೆತಿದ್ದ ಮಾತು: ಕಳೆದ ಗುರುವಾರ ಹೊನ್ನಾಳಿ ರಸ್ತೆಯಲ್ಲಿ ತಾವು ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಕಾರೊಂದನ್ನು ನಗುನಗುತ್ತ ಓಡಿಸಿ ನೋಡುತ್ತಿದ್ದಿರೆಂದು, ನನ್ನಲ್ಲಿ ಅರ್ಜಿ ಬರೆಸಲು ಬಂದ ಸತೀಶ್ ಕುಮಾರ್ ಎಂಬುವರು ತಿಳಿಸಿದರು. ಅದೇ ಗುರುವಾರ ತಾವು ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳಲು ಹೋಗಿದ್ದಿರೆಂದು ಶಂಕ್ರಮ್ಮನವರು ಫೋನಿನಲ್ಲಿ ಅಂಜಿನಮ್ಮನ ಹತ್ತಿರ ಹೇಳಿದರು. ಎರಡೂ ನಿಜವಿರಬಹುದು, ನಾನು ಚಾಡಿ ಹೇಳುವವನಲ್ಲ. ಆದರೆ ಬರೆದ ಪ್ರತಿಯೊಂದು ಅರ್ಜಿಗೂ ನಕಲು ತೆಗೆದು ಸಂಬಂಧಪಟ್ಟವರಿಗೆ ಕಳಿಸುವುದು ನಮ್ಮ ಕಸುಬಿನ ಶಿಸ್ತಾದ್ದರಿಂದ, ಈ ಪತ್ರದ ಯಥಾಪ್ರತಿಯನ್ನು ಶ್ರೀಮತಿ ಶಂಕ್ರಮ್ಮನವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನಿನ್ನೆಯೇ ಕಳಿಸಿದ್ದೇನೆ.